ಬ್ರಾಂಚ್ ಲೈನಿನ ಆರು ನಿಮಿಷ

ಒಂದು ಜಂಕ್ಷನ್ನಿನಲ್ಲಿ ಸತತ ನಾಲ್ಕು ಸಂಜೆ ಗಡಿಯಾರ ನೋಡುತ್ತಾ ನಿಂತಿದ್ದೆ. ಮೇನ್ ಲೈನಿನ ಗಾಡಿ ಬರುವ ಟೈಮು 6.10. ಎದುರು ಪ್ಲಾಟ್‌ಫಾರ್ಮಿನಿಂದ ಬ್ರಾಂಚ್ ಲೈನಿನ ಗಾಡಿ ಹೊರಡುವ ಟೈಮು 6.08. ಮೂರು ದಿನ ಎರಡೂ ಹೇಳಿದ ಹೊತ್ತಿಗೇ ಓಡಿದವು. ಮೇನ್ ಲೈನಿನ ಗಾಡಿಯ ಬಾಗಿಲಲ್ಲಿ ಬ್ಯಾಗು ಹಿಡಿದು ನಿಂತಿದ್ದವರಿಗೆ ತಮ್ಮ ಊರಿನ ಗಾಡಿಯ ಹಿಂದಿನ ಕೆಂಪು ದೀಪ ತಿರುವಿನಲ್ಲಿ ಮರೆಯಾಗುವುದು ಕಾಣುತ್ತಿತ್ತು. ಒಂದು ದಿನ ಮಾತ್ರ ಮೇನ್ ಲೈನಿನದು 6.07ಕ್ಕೇ ಬಂತು. ಐದು ಜನ ಓಡಿದರು, ಇಬ್ಬರಿಗೆ ಸಿಕ್ಕಿತು. ಉಳಿದ ಮೂವರು ಬೆಂಚಿನ ಮೇಲೆ ಕೂತರು, ಯಾಕೆಂದರೆ ಮುಂದಿನ ಗಾಡಿ ಎರಡೂವರೆ ಗಂಟೆ ಬಿಟ್ಟು. ಎರಡೂ ಗಾಡಿ ಲೇಟ್ ಆಗಿರಲಿಲ್ಲವಾದ್ದರಿಂದ ಇದು ಯಾವ ರಿಪೋರ್ಟಿನಲ್ಲೂ ಬರಲಿಲ್ಲ.

ನಾನು ವೇಳಾಪಟ್ಟಿ ಮಾಡುವವನು. ಹಳ್ಳಿಗಳ ನಡುವೆ ಹೋಗುವ ಸಣ್ಣ ಲೈನುಗಳ ಬಗ್ಗೆ ಮಾತು ಬಂದಾಗಲೆಲ್ಲ ಜನ ನನ್ನನ್ನು ಕೇಳುವುದು ಎರಡೇ: ಹೊಸ ಬೋಗಿ ಯಾವಾಗ, ಸ್ಪೀಡು ಯಾವಾಗ ಜಾಸ್ತಿ ಆಗುತ್ತದೆ. ಎರಡೂ ಬೇಕು, ಇಲ್ಲ ಅನ್ನುವುದಿಲ್ಲ. ಆದರೆ ನಾನು ಮೊದಲು ಕೇಳುವ ಪ್ರಶ್ನೆ ಬೇರೆ. ಒಂದು ಗಾಡಿ ಜಂಕ್ಷನ್ನಿನಿಂದ ಹೊರಟು, ಲೈನಿನ ಕೊನೆ ಮುಟ್ಟಿ, ತಿರುಗಿ ಬಂದು ಮತ್ತೆ ಹೊರಡಲು ರೆಡಿ ಆಗುವುದಕ್ಕೆ ಒಟ್ಟು ಎಷ್ಟು ಹೊತ್ತು ಬೇಕು?

ಒಂದು ಲೆಕ್ಕ ಹಾಕಿ ನೋಡೋಣ. 42 ಕಿಲೋಮೀಟರ್ ಸಿಂಗಲ್ ಲೈನ್, ಒಂದೇ ರೇಕು, ಅಂದರೆ ಓಡಿಸಲು ಇರುವುದು ಒಂದೇ ಗಾಡಿ. ಹೋಗಲು 58 ನಿಮಿಷ, ಬರಲು 58 ನಿಮಿಷ, ಎರಡೂ ತುದಿಯಲ್ಲಿ ತಲಾ 20 ನಿಮಿಷ ನಿಲುಗಡೆ. ಒಟ್ಟು 156 ನಿಮಿಷ. ಎರಡು ಗಂಟೆಗೊಂದು ಗಾಡಿ ಅಂತ ಇಡಲು ಇದು ಆಗುವುದಿಲ್ಲ, ಹಾಗಾಗಿ ಮೂರು ಗಂಟೆಗೊಂದು ಅಂತ ಇಡುತ್ತಾರೆ, ಇಲ್ಲವೇ ಜನರಿಗೆ ನೆನಪೇ ಇರದಂತೆ 6.05, 8.50, 11.40 ಅಂತ ಎಲ್ಲೆಲ್ಲೋ ಹಾಕುತ್ತಾರೆ. ದಿನಕ್ಕೆ 16 ಗಂಟೆ ಓಡಿಸಿದರೂ ಮೂರು ಗಂಟೆಗೊಂದರ ಲೆಕ್ಕದಲ್ಲಿ ಐದೇ ಸುತ್ತು. ಈಗ ಹೋಗುವ ಬರುವ ಟೈಮನ್ನು 52 ನಿಮಿಷಕ್ಕೆ ಇಳಿಸಿ, ತುದಿಯ ನಿಲುಗಡೆಯನ್ನು 8 ನಿಮಿಷಕ್ಕೆ ಇಳಿಸಿ. ಸರಿಯಾಗಿ 120 ನಿಮಿಷ. ಆಗಲೂ ಒಂದೇ ರೇಕು, ಅದೇ ಹಳಿ, ಅದೇ 16 ಗಂಟೆ, ಆದರೆ ಎಂಟು ಸುತ್ತು.

ಒಂದು ಕಡೆಯ ಓಟವನ್ನು 52ರ ಬದಲು 54ಕ್ಕೆ ಇಳಿಸಿ ನಿಲ್ಲಿಸಿದಿರಿ ಅನ್ನಿ, ಲಾಭ ಹೆಚ್ಚುಕಡಿಮೆ ಏನೂ ಇಲ್ಲ. ಎರಡು ಗಂಟೆಯ ಸುತ್ತಿಗೆ ಕೂಡುವುದಿಲ್ಲ ಅಷ್ಟೇ. 48ಕ್ಕೆ ಇಳಿಸಲು ಹೋಗಿ ಕೋಟಿಗಟ್ಟಲೆ ಸುರಿದರೂ ಅಷ್ಟೇ, ಉಳಿದ ನಿಮಿಷಗಳು ತುದಿಯಲ್ಲಿ ಸುಮ್ನೆ ನಿಲ್ಲುವುದಕ್ಕೆ ಹೋಗುತ್ತವೆ.

ಹಾಗಾದರೆ 58ನ್ನು 52 ಮಾಡುವ ಆ ಆರು ನಿಮಿಷ ಎಲ್ಲಿಂದ ತರುವುದು? ಎಲ್ಲರ ಕಣ್ಣು ಗರಿಷ್ಠ ವೇಗದ ಮೇಲೆ. ಗಂಟೆಗೆ 80 ಕಿಲೋಮೀಟರ್ ಇದ್ದದ್ದನ್ನು 100 ಮಾಡಿದರೆ, ಹತ್ತು ಕಿಲೋಮೀಟರಿನಲ್ಲಿ ಉಳಿಯುವುದು ಒಂದೂವರೆ ನಿಮಿಷ. ಅದೂ ಆ ಹತ್ತು ಕಿಲೋಮೀಟರಿನಲ್ಲಿ ಎಲ್ಲೂ ನಿಲ್ಲದಿದ್ದರೆ! ಬ್ರಾಂಚ್ ಲೈನಿನಲ್ಲಿ ಐದು ಕಿಲೋಮೀಟರಿಗೊಂದು ಸ್ಟೇಷನ್ ಬರುತ್ತದೆ, 100 ಮುಟ್ಟುವಷ್ಟರಲ್ಲಿ ಬ್ರೇಕ್ ಹಾಕಬೇಕು. ಅದರ ಬದಲು ನಿಧಾನದ ಜಾಗಗಳನ್ನು ಹುಡುಕಿ. ಹಳೇ ಸೇತುವೆ ಅಂತಲೋ, ಗೇಟಿನ ಹತ್ತಿರ ರಸ್ತೆ ಕಾಣುವುದಿಲ್ಲ ಅಂತಲೋ ಒಂದು ಕಿಲೋಮೀಟರಿಗೆ 30ರ ಕಾಷನ್, ಅಂದರೆ ಅದಕ್ಕಿಂತ ಜೋರಾಗಿ ಹೋಗಬೇಡಿ ಎಂಬ ಮಿತಿ, ಹಾಕಿರುತ್ತಾರೆ. 80ರಲ್ಲಿ 45 ಸೆಕೆಂಡಿನಲ್ಲಿ ದಾಟುವ ಜಾಗಕ್ಕೆ ಈಗ ಎರಡು ನಿಮಿಷ. ಅದರ ಮೇಲೆ, ಮೊದಲು ಬ್ರೇಕ್ ಹಾಕುವುದು, ಕೊನೆಯ ಬೋಗಿ ದಾಟುವ ತನಕ ಕಾಯುವುದು, ಮತ್ತೆ ವೇಗ ಹಿಡಿಯುವುದು, ಎಲ್ಲ ಸೇರಿ ಎರಡು ನಿಮಿಷದ ಹತ್ತಿರ ನಷ್ಟ. ಇಂಥ ಎರಡು ಕಾಷನ್ ತೆಗೆಸಿದರೆ ನಾಲ್ಕು ನಿಮಿಷದಷ್ಟು ಸಿಕ್ಕಿತು. ಆ ಸೇತುವೆಗೆ ಎರಡು ಗರ್ಡರ್ ಬದಲಿಸಬೇಕು, ಆ ಗೇಟಿಗೆ ಸಿಗ್ನಲ್ ಜೋಡಿಸಬೇಕು. ಉದ್ಘಾಟನೆ ಮಾಡುವಂಥ ಕೆಲಸವಲ್ಲ, ಅದಕ್ಕೇ ಎಷ್ಟೋ ವರ್ಷ ಹಾಗೇ ಬಿದ್ದಿರುತ್ತದೆ.

ಉಳಿದದ್ದು ಸ್ಟೇಷನ್‌ಗಳಲ್ಲಿದೆ. ಒಂದು ಹಾಲ್ಟಿನಲ್ಲಿ ಪ್ಲಾಟ್‌ಫಾರ್ಮ್ ಎಷ್ಟು ತಗ್ಗಾಗಿತ್ತು ಅಂದರೆ ಬಾಗಿಲಿನ ಮೆಟ್ಟಿಲು ಒಬ್ಬ ಅಜ್ಜಿಯ ಮೊಣಕಾಲಿನಷ್ಟು ಎತ್ತರದಲ್ಲಿತ್ತು. ಮೊದಲು ಚೀಲ ಮೇಲೆ ಹೋಯಿತು, ಆಮೇಲೆ ಒಳಗಿದ್ದವರೊಬ್ಬರು ಕೈ ಕೊಟ್ಟರು, ಹಿಂದಿನಿಂದ ಮೊಮ್ಮಗ ಆತುಕೊಂಡ. 70 ಸೆಕೆಂಡ್. ಅವರ ಹಿಂದೆ ಇನ್ನೂ ನಾಲ್ಕು ಜನ ಇದ್ದರು. ಗಾಡಿಯ ಬಾಗಿಲಿನ ಮಟ್ಟಕ್ಕೆ ಪ್ಲಾಟ್‌ಫಾರ್ಮ್ ಎತ್ತರಿಸಿದರೆ ಒಂದೊಂದು ನಿಲುಗಡೆಯಲ್ಲಿ ಅರ್ಧ ನಿಮಿಷ ಉಳಿಯುತ್ತದೆ, ಎಂಟು ಹಾಲ್ಟಿಗೆ ನಾಲ್ಕು ನಿಮಿಷ. ನಿಮಿಷದ ಲೆಕ್ಕ ಬಿಟ್ಟರೂ ಆ ಅಜ್ಜಿಗೋಸ್ಕರ ಆ ಕೆಲಸ ಆಗಲೇಬೇಕು ಅಲ್ವಾ? ಇನ್ನು ತುದಿಯ 20 ನಿಮಿಷ ಹೋಗುವುದು ಎಂಜಿನ್ ಕಳಚಿ, ಪಕ್ಕದ ಹಳಿಯಲ್ಲಿ ಸುತ್ತಿ ಬಂದು, ಇನ್ನೊಂದು ತುದಿಗೆ ಜೋಡಿಸಿ, ಬ್ರೇಕ್ ಪರೀಕ್ಷೆ ಮಾಡುವುದಕ್ಕೆ. ಎರಡೂ ಕಡೆ ಚಾಲಕರ ಕ್ಯಾಬಿನ್ ಇರುವ ಡೆಮು (ಡೀಸೆಲ್) ಅಥವಾ ಮೆಮು (ವಿದ್ಯುತ್) ಗಾಡಿ ಹಾಕಿದರೆ ಚಾಲಕರು ಈ ತುದಿಯಿಂದ ಆ ತುದಿಗೆ ನಡೆದರೆ ಆಯಿತು. ಹೊಸ ಗಾಡಿ ಕೇಳುವುದಾದರೆ ಈ ಕಾರಣಕ್ಕೆ ಕೇಳಿ.

ಸ್ವಿಟ್ಜರ್ಲೆಂಡಿನವರು ಇಡೀ ದೇಶದಲ್ಲಿ ಇದೇ ಲೆಕ್ಕ ಹಿಡಿದರು. 1982ರಲ್ಲಿ ಗಂಟೆಗೊಂದು ಗಾಡಿ, ಪ್ರತಿ ಗಂಟೆಯೂ ಅದೇ ನಿಮಿಷಕ್ಕೆ ಎಂಬ ವೇಳಾಪಟ್ಟಿ ತಂದರು. ಆಮೇಲೆ ದೊಡ್ಡ ಜಂಕ್ಷನ್‌ಗಳಲ್ಲಿ ಎಲ್ಲ ದಿಕ್ಕಿನ ಗಾಡಿಗಳೂ ಒಂದೇ ಹೊತ್ತಿಗೆ ಬಂದು, ಜನ ಬದಲಾಯಿಸಿಕೊಂಡ ಮೇಲೆ ಒಟ್ಟಿಗೆ ಹೊರಡುವ ಹಾಗೆ ಯೋಜನೆ ಹಾಕಿದರು. ಅದಕ್ಕೆ ಬರ್ನ್ ಮತ್ತು ಜ್ಯೂರಿಕ್ ನಡುವಿನ ಪ್ರಯಾಣ ಒಂದು ಗಂಟೆಯ ಒಳಗೆ ಬರಬೇಕಿತ್ತು, ಬಂದದ್ದು 2004ರ ಡಿಸೆಂಬರಿನಲ್ಲಿ, ಗಂಟೆಗೆ 200 ಕಿಲೋಮೀಟರ್ ವೇಗದ ಹೊಸ ಹಳಿ ಹಾಕಿದ ಮೇಲೆ. ಎಷ್ಟು ವೇಗ ಬೇಕು ಅಂತ ವೇಳಾಪಟ್ಟಿ ಹೇಳಿತು, ಹಳಿ ಆಮೇಲೆ ಬಂತು. ನಮ್ಮ 42 ಕಿಲೋಮೀಟರ್ ಲೈನಿಗೂ ಇದು ಹೊಂದುತ್ತದೆ: ಬ್ರಾಂಚ್ ಗಾಡಿ ಜಂಕ್ಷನ್ನಿಗೆ ಗಂಟೆ ಹೊಡೆಯಲು ನಾಲ್ಕು ನಿಮಿಷ ಇರುವಾಗ ಬರಬೇಕು, ಮೇನ್ ಲೈನಿನವು ಗಂಟೆಯ ಆಚೀಚೆ ಬಂದು ಹೋಗಬೇಕು, ಗಂಟೆ ಹೊಡೆದು ನಾಲ್ಕು ನಿಮಿಷ ಆದ ಮೇಲೆ ಬ್ರಾಂಚ್ ಗಾಡಿ ಹೊರಡಬೇಕು.

ಗಂಟೆಗೊಂದು ಗಾಡಿ ಬೇಕು ಅಂದಾಗ ಎರಡು ರೇಕು ಬೇಕು, ಅವು ಎದುರಾಗುವ ಕಡೆ ಕ್ರಾಸಿಂಗಿಗೆ ಲೂಪ್, ಅಂದರೆ ಒಂದು ಗಾಡಿ ಪಕ್ಕಕ್ಕೆ ನಿಂತು ಇನ್ನೊಂದಕ್ಕೆ ದಾರಿ ಬಿಡುವ ಎರಡನೇ ಹಳಿ, ಬೇಕು. ಇಲ್ಲೇ ಬಹಳ ಜನ ತಪ್ಪುವುದು. ಹಳೇ ಲೂಪ್ ಒಂದು ಇದೆಯಲ್ಲ, ಅದನ್ನೇ ಸರಿಮಾಡೋಣ ಅನ್ನುತ್ತಾರೆ. 52 ನಿಮಿಷದ ಓಟದಲ್ಲಿ ಎರಡು ಗಾಡಿ ಎದುರಾಗುವುದು 26ನೇ ನಿಮಿಷದಲ್ಲಿ. ಹಳೇ ಲೂಪ್ ಜಂಕ್ಷನ್ನಿನಿಂದ 18 ನಿಮಿಷದ ದೂರದಲ್ಲಿದ್ದರೆ, ಜಂಕ್ಷನ್ ಕಡೆಯಿಂದ ಬಂದ ಗಾಡಿ ಅಲ್ಲಿ 16 ನಿಮಿಷ ಎದುರಿನ ಗಾಡಿಗೆ ಕಾಯಬೇಕು. ಕಷ್ಟಪಟ್ಟು ಉಳಿಸಿದ ಆರು ನಿಮಿಷ ಅಲ್ಲೇ ಹೋಯಿತು.

ಸರಿಯಾದ ಜಾಗದ ಲೂಪ್ ಏನು ಮಾಡುತ್ತದೆ ಅನ್ನುವುದಕ್ಕೆ ಇಂಗ್ಲೆಂಡಿನ ಕಾರ್ನ್‌ವಾಲಿನಲ್ಲಿ ಟ್ರೂರೋದಿಂದ ಫಾಲ್ಮತ್‌ಗೆ ಹೋಗುವ ಸುಮಾರು 19 ಕಿಲೋಮೀಟರಿನ ಲೈನು ನೋಡಿ. 2009ರಲ್ಲಿ ಪೆನ್ರಿನ್ ಎಂಬ ಸ್ಟೇಷನ್ನಿನಲ್ಲಿ ಲೂಪ್ ಹಾಕಿದರು, ಗಾಡಿ ಅರ್ಧ ಗಂಟೆಗೊಂದಾಯಿತು. ನನಗೆ ಇಷ್ಟವಾದದ್ದು ಅವರು ಮಾಡಿದ ಇನ್ನೊಂದು ಕೆಲಸ. ಎರಡನೇ ಪ್ಲಾಟ್‌ಫಾರ್ಮ್ ಕಟ್ಟಿದ್ದರೆ ಮೇಲ್ಸೇತುವೆ, ಲಿಫ್ಟು ಎಲ್ಲ ಬೇಕಾಗುತ್ತಿತ್ತು. ಅದರ ಬದಲು ಇದ್ದ ಒಂದೇ ಪ್ಲಾಟ್‌ಫಾರ್ಮನ್ನು ಉದ್ದ ಮಾಡಿದರು. ಒಂದು ತುದಿಯಲ್ಲಿ ಟ್ರೂರೋ ಗಾಡಿ, ಇನ್ನೊಂದು ತುದಿಯಲ್ಲಿ ಫಾಲ್ಮತ್ ಗಾಡಿ. ಜನ ಹಳಿ ದಾಟುವುದಿಲ್ಲ, ಮೆಟ್ಟಿಲು ಹತ್ತುವುದಿಲ್ಲ.

ಇಷ್ಟು ಹೇಳಿದ ಮೇಲೂ ಒಂದು ಮಾತು ಬಂದೇ ಬರುತ್ತದೆ: ಈ ಲೈನಿನಲ್ಲಿ ಜನವೇ ಇಲ್ಲ. ಬ್ರಿಟನ್ನಿನಲ್ಲಿ ಆಗ ರೈಲ್ವೆ ಮಂಡಳಿಯ ಅಧ್ಯಕ್ಷರಾಗಿದ್ದ ಬೀಚಿಂಗ್ ಅವರ 1963ರ ವರದಿ ಇದೇ ಮಾತಿನ ಮೇಲೆ ಸಾವಿರಾರು ಸ್ಟೇಷನ್ ಮುಚ್ಚಲು ಹೇಳಿತು. ಆ ವರದಿಗೆ ಜನರನ್ನು ಎಣಿಸಿದ್ದು 1961ರ ಏಪ್ರಿಲಿನ ಒಂದು ವಾರ. ಬೇಸಿಗೆ ರಜೆಯಲ್ಲಿ ತುಂಬುವ ಕಡಲತೀರದ ಲೈನುಗಳಿಗೂ ಅದೇ ವಾರ. ಇನ್ನೊಂದು ತೊಡಕು ಇಂದಿಗೂ ಇದೆ. ಬ್ರಾಂಚಿನಲ್ಲಿ ಹತ್ತಿ ಮೇನ್ ಲೈನಿನಲ್ಲಿ 300 ಕಿಲೋಮೀಟರ್ ಹೋಗುವವರ ಟಿಕೆಟ್ ಹಣದಲ್ಲಿ ಬ್ರಾಂಚಿನ ಪಾಲಿಗೆ ಬರುವುದು ಮೊದಲ 42 ಕಿಲೋಮೀಟರಿನದು ಮಾತ್ರ. ಬ್ರಾಂಚ್ ಮುಚ್ಚಿದರೆ ಉಳಿದ 300ರ ಹಣವೂ ಹೋಗುತ್ತದೆ, ಏಕೆಂದರೆ ಮನೆಯಿಂದಲೇ ಕಾರಿನಲ್ಲಿ ಹೊರಟವರು ಜಂಕ್ಷನ್ನಿನಲ್ಲಿ ಇಳಿದು ರೈಲು ಹತ್ತುವುದು ಅಪರೂಪ. ನಾನಂತೂ ಎಣಿಕೆಗೆ ಹೋದಾಗ ಗಾಡಿಯಲ್ಲಿ ಇದ್ದವರ ಜೊತೆ ಜಂಕ್ಷನ್ನಿನ ಹೊರಗೆ ಬೈಕ್ ನಿಲ್ಲಿಸಿ ಬರುವವರನ್ನೂ ಕೇಳುತ್ತೇನೆ: ಯಾವ ಊರು, ಬ್ರಾಂಚ್ ಗಾಡಿಯಲ್ಲಿ ಯಾಕೆ ಬರಲಿಲ್ಲ?

ಅವರ ಉತ್ತರ ಹೆಚ್ಚುಕಡಿಮೆ ಒಂದೇ. ಬೆಳಿಗ್ಗೆ ಬರಬಹುದು, ರಾತ್ರಿ ವಾಪಸ್ ಹೋಗುವುದು ಹೇಗೆ? ಕೊನೆಯ ಗಾಡಿ ಬೇಗ ಹೋದರೆ ಬೆಳಗಿನ ಗಾಡಿಯೂ ಖಾಲಿ. ಜಪಾನಿನ ಟೊಯಾಮಾದಲ್ಲಿ ಬಂದರಿನ ಕಡೆಗೆ ಹೋಗುವ ಎಂಟು ಕಿಲೋಮೀಟರಿನಷ್ಟು ಉದ್ದದ ಬ್ರಾಂಚ್ ಸೊರಗಿತ್ತು. 2006ರಲ್ಲಿ ಅದನ್ನು ಟ್ರಾಮ್ ಮಾದರಿಗೆ ಬದಲಿಸಿ, ಹಗಲು 15 ನಿಮಿಷಕ್ಕೊಂದು ಗಾಡಿ ಹಾಕಿದರು, ನಿಲ್ದಾಣಗಳನ್ನು ಹೆಚ್ಚಿಸಿದರು, ರಾತ್ರಿ ಒಂಬತ್ತರ ಸುಮಾರಿಗೆ ಮುಗಿಯುತ್ತಿದ್ದ ಸೇವೆಯನ್ನು ಹನ್ನೊಂದರ ತನಕ ಓಡಿಸಿದರು. ವಾರದ ದಿನಗಳಲ್ಲಿ ಪ್ರಯಾಣಿಕರು ಸುಮಾರು ದುಪ್ಪಟ್ಟಾದರು. ಹಾಗಾಗಿ ರಾತ್ರಿಯ ಕೊನೆಯ ಗಾಡಿಯಲ್ಲಿ ಆರೇ ಜನ ಇದ್ದಾರೆ ಅಂತ ಅದನ್ನು ತೆಗೆಯಲು ಬಂದಾಗ ನಾನು ಗಟ್ಟಿಯಾಗಿ ಬೇಡ ಅನ್ನುತ್ತೇನೆ. ಮೇನ್ ಲೈನಿನದು ಲೇಟಾದರೆ ಆ ಕೊನೆಯ ಗಾಡಿ ಕಾಯಲೇಬೇಕು, ಎಷ್ಟು ನಿಮಿಷ ಅನ್ನುವುದು ಸ್ಟೇಷನ್ನಿನವರ ಕೈಯಲ್ಲಿ ಬರಹದಲ್ಲಿ ಇರಬೇಕು.

ಆ ಜಂಕ್ಷನ್ನಿನ 6.08ರ ಗಾಡಿ ಈಗ 6.17ಕ್ಕೆ ಹೊರಡುತ್ತದೆ. ಒಂಬತ್ತು ನಿಮಿಷ ತಡವಾಗಿ ಬಿಡಲು ಒಂದು ಗೂಡ್ಸ್ ಗಾಡಿಯ ಕ್ರಾಸಿಂಗ್ ಬೇರೆ ಸ್ಟೇಷನ್ನಿಗೆ ಹೋಯಿತು, ಚಾಲಕರ ಡ್ಯೂಟಿ ಪಟ್ಟಿ ಹೊಸದಾಗಿ ಬರೆಯಬೇಕಾಯಿತು, ಒಟ್ಟು ಏಳು ತಿಂಗಳು ಹಿಡಿಯಿತು. ಮೊದಲ ಸಂಜೆ ಹೋಗಿ ಅದೇ ಜಾಗದಲ್ಲಿ ನಿಂತೆ. ಹನ್ನೊಂದು ಜನ ಇಳಿದರು, ಪ್ಲಾಟ್‌ಫಾರ್ಮ್ ದಾಟಿ ಹತ್ತಿದರು. ಯಾರೂ ಓಡಲಿಲ್ಲ. ಬೆಳಗಿನ 7.40ರದ್ದು ಇನ್ನೂ ಬಾಕಿ ಇದೆ, ಅದರ ಕಾಗದ ಈ ವಾರ ಕಳಿಸಿದ್ದೇನೆ.