ಸ್ವಿಚ್ ಯಾರ ಕೈಯಲ್ಲಿ? ದ್ವೇಷದ ತಾಣಗಳನ್ನು ಕಿತ್ತುಹಾಕುವ ಕೆಲಸದ ಹಿನ್ನೆಲೆ

2017ರ ಆಗಸ್ಟ್ 16ರಂದು, ಜಾಲತಾಣಗಳನ್ನು ದಾಳಿಗಳಿಂದ ಕಾಯುವ ಕ್ಲೌಡ್‌ಫ್ಲೇರ್ ಕಂಪನಿಯ ಮುಖ್ಯಸ್ಥ ಮ್ಯಾಥ್ಯೂ ಪ್ರಿನ್ಸ್ ತಮ್ಮ ಸಿಬ್ಬಂದಿಗೆ ಒಂದು ಇಮೇಲ್ ಕಳಿಸಿದರು. ಬೆಳಿಗ್ಗೆ ಏಳುವಾಗಲೇ ತಲೆ ಕೆಟ್ಟಿತ್ತು, ಅವರನ್ನು ಇಂಟರ್ನೆಟ್‌ನಿಂದ ಆಚೆ ಹಾಕೋಣ ಎಂದು ತೀರ್ಮಾನಿಸಿದೆ ಎನ್ನುವುದು ಅದರ ಸಾರ. ‘ಅವರು’ ಎಂದರೆ ಡೈಲಿ ಸ್ಟಾರ್ಮರ್ ಎಂಬ ನವನಾಜಿ ಜಾಲತಾಣದವರು. ಇಂಥ ಅಧಿಕಾರ ಯಾರ ಕೈಯಲ್ಲೂ ಇರಬಾರದು ಎಂಬ ಮಾತೂ ಅದೇ ಇಮೇಲ್‌ನಲ್ಲಿತ್ತು. ಮಾಡಿದ್ದೂ ಅವರೇ, ಮಾಡಬಾರದಿತ್ತು ಎನ್ನುವ ಅಳುಕೂ ಅವರದೇ.

ಅಲ್ಲಿಂದ ಈಚೆಗೆ ಟ್ರಂಪ್ ಅವರ ಟ್ವಿಟರ್ ಖಾತೆ, ಪಾರ್ಲರ್ ಆ್ಯಪ್, ಟೆಲಿಗ್ರಾಂ, 4ಚಾನ್ ಎಂಬ ಅನಾಮಧೇಯ ಚರ್ಚಾತಾಣ, ಪೋಸ್ಟ್ ತೆಗೆಯುವ ಸೂಚನೆ ಕಳಿಸುವ ನಮ್ಮ ಸರ್ಕಾರದ ‘ಸಹಯೋಗ್’ ಪೋರ್ಟಲ್ ಎಂದು ಈ ವಿಚಾರಕ್ಕೆ ಎಷ್ಟು ಗಂಟು ಬಿದ್ದಿದೆಯೆಂದರೆ, ಯಾರು ಯಾವ ಹಕ್ಕಿನ ಪರ ಮಾತನಾಡುತ್ತಿದ್ದಾರೆ ಎಂಬುದೇ ತಿಳಿಯದಂತಾಗಿದೆ. ನಿನ್ನೆ ‘ತೆಗೆಯಿರಿ’ ಎಂದವರೇ ಇವತ್ತು ‘ಏಕೆ ತೆಗೆದಿರಿ’ ಎನ್ನುತ್ತಿದ್ದಾರೆ.

ಅಮೆರಿಕದ ಕಾನೂನಿನ ಕತೆ ಚಿಕ್ಕದು. 1919ರಲ್ಲಿ ಯುದ್ಧವಿರೋಧಿ ಕರಪತ್ರ ಹಂಚಿದ್ದಕ್ಕೆ ಜೈಲು ಸರಿ ಎಂದ ಅಲ್ಲಿನ ಸುಪ್ರೀಂ ಕೋರ್ಟ್, 1969ರ ಬ್ರಾಂಡನ್‌ಬರ್ಗ್ ಪ್ರಕರಣದ ಹೊತ್ತಿಗೆ ಬಿಳಿಯ ಜನಾಂಗವಾದಿ ಸಂಘಟನೆ ಕು ಕ್ಲಕ್ಸ್ ಕ್ಲಾನ್‌ನ ನಾಯಕನ ದ್ವೇಷ ಭಾಷಣವನ್ನೂ ಕಾಯುವ ನಿಲುವಿಗೆ ಬಂದಿತ್ತು. ತಕ್ಷಣವೇ ಕಾನೂನುಬಾಹಿರ ಕೃತ್ಯಕ್ಕೆ ಪ್ರಚೋದಿಸುವಂತಿರಬೇಕು, ಅದು ನಡೆದೇಬಿಡುವ ಸಂಭವವೂ ಇರಬೇಕು. ಆಗ ಮಾತ್ರ ಸರ್ಕಾರ ಮಾತಿಗೆ ಕೈ ಹಾಕಬಹುದು. 1977ರಲ್ಲಿ, ನಾಜಿ ಶಿಬಿರಗಳಿಂದ ಬದುಕಿ ಬಂದ ಅನೇಕ ಯಹೂದಿಗಳು ನೆಲೆಸಿದ್ದ ಸ್ಕೋಕಿ ಎಂಬ ಊರಲ್ಲೇ ನಾಜಿಗಳು ಮೆರವಣಿಗೆ ಮಾಡುತ್ತೇವೆಂದು ಹೊರಟಾಗ, ಅವರ ಪರ ಕೋರ್ಟಿಗೆ ಹೋದದ್ದು ನಾಗರಿಕ ಹಕ್ಕುಗಳ ಸಂಘಟನೆ ಎಸಿಎಲ್‌ಯು. ಅದಕ್ಕಾಗಿ ಅದು ಸಾವಿರಾರು ಸದಸ್ಯರನ್ನು ಕಳೆದುಕೊಂಡಿತು. ಜರ್ಮನಿ ಇದಕ್ಕೆ ತದ್ವಿರುದ್ಧ. ಅಲ್ಲಿ ನಾಜಿ ಚಿಹ್ನೆ ಪ್ರದರ್ಶಿಸುವುದೂ ಅಪರಾಧ, ನರಮೇಧ ನಡೆದೇ ಇಲ್ಲ ಎನ್ನುವುದೂ ಅಪರಾಧ. ಎರಡೂ ದೇಶಗಳು ತಮ್ಮ ತಮ್ಮ ಇತಿಹಾಸದಿಂದಲೇ ಪಾಠ ಕಲಿತಿದ್ದವು.

ಇಂಟರ್ನೆಟ್ ಬಂದ ಮೇಲೆ ಸರ್ಕಾರದ ಜಾಗಕ್ಕೆ ಕಂಪನಿಗಳು ಬಂದವು. 1996ರ ಅಮೆರಿಕದ ಕಾಯ್ದೆಯ 230ನೇ ಸೆಕ್ಷನ್ ಎರಡು ಕೆಲಸ ಮಾಡಿತು. ಬಳಕೆದಾರರು ಬರೆದದ್ದಕ್ಕೆ ವೇದಿಕೆಯನ್ನು ಹೊಣೆ ಮಾಡುವಂತಿಲ್ಲ ಎಂದಿತು. ಜತೆಗೇ, ಆಕ್ಷೇಪಾರ್ಹ ಎನಿಸಿದ್ದನ್ನು ವೇದಿಕೆ ಸದುದ್ದೇಶದಿಂದ ತೆಗೆದುಹಾಕಿದರೆ ಅದಕ್ಕೂ ಹೊಣೆಯಿಲ್ಲ ಎಂದಿತು. ಜನಕ್ಕೆ ನೆನಪಿರುವುದು ಮೊದಲ ಭಾಗ. ಇಡೀ ಜಗತ್ತು ಇವತ್ತು ಕಾದಾಡುತ್ತಿರುವುದು ಎರಡನೆಯದರ ಮೇಲೆ. ಇಟ್ಟುಕೊಳ್ಳಲು ಕಾರಣ ಬೇಕಿಲ್ಲ, ಕಿತ್ತುಹಾಕಲೂ ಕಾರಣ ಬೇಕಿಲ್ಲ ಎಂದಾಗ ಮುಂದೆ ಏನಾಗಬಹುದೆಂದು ಆಗ ಯಾರೂ ಹೆಚ್ಚು ತಲೆ ಕೆಡಿಸಿಕೊಂಡಂತಿಲ್ಲ. 1995ರಲ್ಲೇ ಕ್ಲಾನ್‌ನ ಮಾಜಿ ನಾಯಕನೊಬ್ಬ ಸ್ಟಾರ್ಮ್‌ಫ್ರಂಟ್ ಎಂಬ ಬಿಳಿಯ ಜನಾಂಗವಾದಿ ತಾಣ ತೆರೆದಿದ್ದ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅದು ತನ್ನ ಪಾಡಿಗೆ ನಡೆಯಿತು.

ಅಮೆರಿಕದ ಷಾರ್ಲಟ್ಸ್‌ವಿಲ್‌ನಿಂದ ಆಟ ಬದಲಾಯಿತು. 2017ರ ಆಗಸ್ಟ್ 12ರಂದು ಆ ಊರಲ್ಲಿ ಬಿಳಿಯ ಜನಾಂಗವಾದಿಗಳ ಸಮಾವೇಶವನ್ನು ವಿರೋಧಿಸಿ ಬೀದಿಗಿಳಿದವರ ಮೇಲೆ ಒಬ್ಬಾತ ಕಾರು ನುಗ್ಗಿಸಿದ. 32 ವರ್ಷದ ಮಹಿಳೆಯೊಬ್ಬರು ಸತ್ತರು. ಡೈಲಿ ಸ್ಟಾರ್ಮರ್ ಆಕೆಯ ಸಾವನ್ನೇ ಲೇವಡಿ ಮಾಡಿ ಬರೆಯಿತು. ಮುಂದಿನದು ನಾಲ್ಕೇ ದಿನದ ಕತೆ. ತಾಣದ ಹೆಸರು ನೋಂದಾಯಿಸಿದ್ದ ಗೋಡ್ಯಾಡಿ, 24 ಗಂಟೆಯೊಳಗೆ ಬೇರೆ ಕಡೆ ನೋಡಿಕೊಳ್ಳಿ ಎಂದಿತು. ಅವರು ಗೂಗಲ್‌ಗೆ ಹೋದರು, ಕೆಲವೇ ಗಂಟೆಗಳಲ್ಲಿ ಗೂಗಲ್ ಕೂಡ ನೋಂದಣಿ ರದ್ದು ಮಾಡಿತು. ಉಳಿದದ್ದು ಕ್ಲೌಡ್‌ಫ್ಲೇರ್.

ಕ್ಲೌಡ್‌ಫ್ಲೇರ್ ಫೇಸ್‌ಬುಕ್‌ನಂಥ ವೇದಿಕೆಯಲ್ಲ. ಅಲ್ಲಿ ಯಾರೂ ಖಾತೆ ತೆರೆದು ಪೋಸ್ಟ್ ಹಾಕುವುದಿಲ್ಲ. ಒಂದು ತಾಣ ನಮ್ಮ ಮೊಬೈಲಿಗೆ ಬರಬೇಕಾದರೆ ಅದಕ್ಕೊಂದು ಹೆಸರು ಬೇಕು, ಕಡತಗಳನ್ನು ಇಡಲು ಸರ್ವರ್ ಬೇಕು. ಲಕ್ಷಾಂತರ ಸುಳ್ಳು ಕೋರಿಕೆಗಳನ್ನು ಒಮ್ಮೆಗೇ ಸುರಿದು ಸರ್ವರನ್ನು ಕುಸಿಯುವಂತೆ ಮಾಡುವ ದಾಳಿಗಳಿಂದ ರಕ್ಷಣೆಯೂ ಬೇಕು. ಕ್ಲೌಡ್‌ಫ್ಲೇರ್ ಕೊಡುವುದು ಈ ಕೊನೆಯದನ್ನು. ಜನರ ಸಿಟ್ಟಿಗೆ ಗುರಿಯಾದ ತಾಣದಿಂದ ಆ ರಕ್ಷಣೆ ಕಿತ್ತುಕೊಂಡರೆ ಗಂಟೆಗಳಲ್ಲೇ ಯಾರಾದರೂ ಅದನ್ನು ಮಲಗಿಸುತ್ತಾರೆ. ಅಂದರೆ ಕ್ಲೌಡ್‌ಫ್ಲೇರ್ ತಾನಾಗಿ ಏನನ್ನೂ ಅಳಿಸಬೇಕಿಲ್ಲ, ಪಕ್ಕಕ್ಕೆ ಸರಿದು ನಿಂತರೆ ಸಾಕು. ಜಗತ್ತಿನ ಇಂಟರ್ನೆಟ್ ಕೋರಿಕೆಗಳಲ್ಲಿ ಸುಮಾರು ಶೇ 10ರಷ್ಟು ತಮ್ಮ ಮೂಲಕ ಹಾದುಹೋಗುತ್ತವೆ ಎಂದು ಆ ಕಂಪನಿ ಆಗಲೇ ಹೇಳಿಕೊಂಡಿತ್ತು.

ಪ್ರಿನ್ಸ್ ಕೊಟ್ಟ ಕಾರಣ ಗಮನಿಸಬೇಕು. ಕೊಲೆಯಾದವರ ಲೇವಡಿ ಅಲ್ಲ, ಹಿಂಸೆಗೆ ಕರೆಯೂ ಅಲ್ಲ. ಕ್ಲೌಡ್‌ಫ್ಲೇರ್‌ನವರು ಒಳಗೊಳಗೇ ನಮ್ಮವರೇ ಎಂದು ತಾಣದವರು ಹೇಳಿಕೊಂಡದ್ದೇ ತಮ್ಮನ್ನು ನಿರ್ಧಾರಕ್ಕೆ ದೂಡಿತು ಎಂದು ಅವರೇ ಬರೆದರು. ಈ ಪ್ರಾಮಾಣಿಕತೆ ಮೆಚ್ಚುವಂಥದ್ದೇ. ಆದರೆ ನೋಟಿಸ್ ಇಲ್ಲ, ಮೇಲ್ಮನವಿ ಇಲ್ಲ, ಮುಂದೆ ಯಾರಿಗಾದರೂ ಅನ್ವಯಿಸಬಲ್ಲ ನಿಯಮವೂ ಇಲ್ಲ. ಡಿಜಿಟಲ್ ಹಕ್ಕುಗಳಿಗಾಗಿ ದುಡಿಯುವ ಇಎಫ್‌ಎಫ್ ಮರುದಿನವೇ ಎಚ್ಚರಿಸಿತು: ಇವತ್ತು ನಾಜಿಗಳ ಮೇಲೆ ಬಳಸಿದ ಹತಾರ ನಾಳೆ ಬೇರೆಯವರ ಮೇಲೂ ಬರುತ್ತದೆ. ನಾಜಿಗಳಿಗಾಗಿ ಕಣ್ಣೀರು ಹಾಕುವವರು ಯಾರೂ ಇರಲಿಲ್ಲ, ಇರಬೇಕಾಗಿಯೂ ಇಲ್ಲ. ಆದರೆ ಯಾರೂ ಅಳದ ಪ್ರಕರಣದಲ್ಲಿ ಹಾಕಿಕೊಟ್ಟ ದಾರಿ ಆ ಪ್ರಕರಣಕ್ಕೇ ಮುಗಿಯುವುದಿಲ್ಲ.

ಮುಂದಿನ ವರ್ಷ ಪಿಟ್ಸ್‌ಬರ್ಗ್‌ನ ಯಹೂದಿ ಪ್ರಾರ್ಥನಾ ಮಂದಿರದಲ್ಲಿ 11 ಮಂದಿಯ ಹತ್ಯೆಯಾಯಿತು. ಹಂತಕ ಗ್ಯಾಬ್ ಎಂಬ ತಾಣದಲ್ಲಿ ಬರೆಯುತ್ತಿದ್ದ. ಹಣ ಪಾವತಿಯ ಕಂಪನಿಗಳಾದ ಪೇಪಾಲ್, ಸ್ಟ್ರೈಪ್, ಜತೆಗೆ ಗೋಡ್ಯಾಡಿ ಎಲ್ಲವೂ ಒಂದೆರಡು ದಿನದಲ್ಲೇ ಗ್ಯಾಬ್‌ನ ಕೈಬಿಟ್ಟವು. ಎಪಿಕ್ ಎಂಬ ಸಣ್ಣ ಕಂಪನಿ ಹೆಸರಿನ ನೋಂದಣಿ ಕೊಟ್ಟು ಅದನ್ನು ಮೇಲೆತ್ತಿತು. ದೊಡ್ಡವರು ಬಿಟ್ಟದ್ದನ್ನು ಹಿಡಿಯುವ ಚಿಕ್ಕವರ ಮಾರುಕಟ್ಟೆಯೊಂದು ಹೀಗೆ ಹುಟ್ಟಿಕೊಂಡಿತು.

2019ರ ಮಾರ್ಚ್ 15ರಂದು ನ್ಯೂಜಿಲೆಂಡ್‌ನ ಕ್ರೈಸ್ಟ್‌ಚರ್ಚ್‌ನಲ್ಲಿ ಎರಡು ಮಸೀದಿಗಳ ಮೇಲೆ ದಾಳಿಯಾಗಿ 51 ಮಂದಿ ಸತ್ತರು. ದಾಳಿಗೆ ಮುನ್ನ ಹಂತಕ 8ಚಾನ್ ಎಂಬ ತಾಣದಲ್ಲಿ ಲಿಂಕ್ ಹಾಕಿದ್ದ. ಫೇಸ್‌ಬುಕ್‌ನಲ್ಲಿ 17 ನಿಮಿಷ ನೇರಪ್ರಸಾರವಾಯಿತು. ಫೇಸ್‌ಬುಕ್ ನಂತರ ಕೊಟ್ಟ ಲೆಕ್ಕದ ಪ್ರಕಾರ ಅದನ್ನು ನೇರವಾಗಿ ನೋಡಿದವರು 200ಕ್ಕಿಂತ ಕಡಿಮೆ. ಮೊದಲ ದೂರು ಬಂದದ್ದು ಪ್ರಸಾರ ಶುರುವಾದ 29 ನಿಮಿಷಕ್ಕೆ, ಅಂದರೆ ಅದು ಮುಗಿದ ಮೇಲೆ. ಆದರೆ ಮುಂದಿನ 24 ಗಂಟೆಯಲ್ಲಿ ಅದೇ ವಿಡಿಯೊದ 15 ಲಕ್ಷ ಪ್ರತಿಗಳನ್ನು ಫೇಸ್‌ಬುಕ್ ತೆಗೆಯಬೇಕಾಯಿತು. 12 ಲಕ್ಷ ಪ್ರತಿಗಳು ಏರುವಾಗಲೇ ಸಿಕ್ಕಿಬಿದ್ದವು, ಉಳಿದ 3 ಲಕ್ಷ ಏರಿದವು. 200 ಜನ ನೋಡಿದ್ದು 15 ಲಕ್ಷ ಪ್ರತಿಯಾದದ್ದು ಯಂತ್ರದಿಂದಲ್ಲ. ಹಿಂದೊಂದು ಸಮುದಾಯವಿತ್ತು. ವಿಡಿಯೊವನ್ನು ಕತ್ತರಿಸಿ, ಚೌಕಟ್ಟು ಬದಲಿಸಿ, ತೆರೆಯನ್ನೇ ಮತ್ತೆ ಚಿತ್ರೀಕರಿಸಿ, ಪತ್ತೆಹಚ್ಚುವ ತಂತ್ರಾಂಶದ ಕಣ್ಣು ತಪ್ಪಿಸಿ ಹಂಚುತ್ತಿದ್ದ ಜನ ಅದರಲ್ಲಿದ್ದರು. ಒಂದೊಂದೇ ಪೋಸ್ಟ್ ತೆಗೆದರೆ ಸಾಲದು, ಗುಂಪನ್ನೇ ಚದುರಿಸಬೇಕು ಎಂಬ ವಾದಕ್ಕೆ ಬಲ ಬಂದದ್ದು ಆಗ.

ಅದೇ ವರ್ಷ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯದ ಪೋವೆ, ಆಗಸ್ಟ್ 3ರಂದು ಟೆಕ್ಸಸ್‌ನ ಎಲ್ ಪಾಸೊದಲ್ಲಿ ಗುಂಡಿನ ದಾಳಿಗಳಾದವು. ಎರಡೂ ಕಡೆ ಹಂತಕರ ಹೇಳಿಕೆಗಳು ಕಾಣಿಸಿಕೊಂಡದ್ದು 8ಚಾನ್‌ನಲ್ಲೇ. ಎಲ್ ಪಾಸೊದಲ್ಲಿ 23 ಜನ ಸತ್ತರು. ಆ ತಾಣವನ್ನು 2013ರಲ್ಲಿ ಕಟ್ಟಿ ನಂತರ ಬಿಟ್ಟುಹೋಗಿದ್ದ ಫ್ರೆಡ್ರಿಕ್ ಬ್ರೆನನ್ ತಾವೇ ಮುಂದೆ ಬಂದು ಅದನ್ನು ಮುಚ್ಚಿಬಿಡಿ ಎಂದರು. ಮುಚ್ಚಿ ಎಂದು ಕೇಳಿದರೂ ಕಟ್ಟಿದವನ ಕೈಯಲ್ಲಿ ಸ್ವಿಚ್ ಇರಲಿಲ್ಲ. ಕ್ಲೌಡ್‌ಫ್ಲೇರ್ ಮೊದಲು ಒಲ್ಲೆ ಎಂದಿತು, ಅದೇ ದಿನ ಸಂಜೆಯಾಗುವಷ್ಟರಲ್ಲಿ ನಿಲುವು ಬದಲಿಸಿತು. ಈ ಸಲ ಪ್ರಿನ್ಸ್ ಬರೆದದ್ದು ಹೆಚ್ಚು ಯೋಚಿಸಿ ಬರೆದಂತಿತ್ತು. ಡೈಲಿ ಸ್ಟಾರ್ಮರ್ ಹೊಸ ಆಸರೆ ಹುಡುಕಿಕೊಂಡು ಎಂದೋ ಮರಳಿದೆ, ತನಗೆ ಓದುಗರು ಹೆಚ್ಚಾಗಿದ್ದಾರೆಂದು ಜಂಬ ಕೊಚ್ಚಿಕೊಂಡಿದೆ. ಅದು ಈಗ ಕ್ಲೌಡ್‌ಫ್ಲೇರ್‌ನ ತಲೆನೋವಲ್ಲ, ಇಂಟರ್ನೆಟ್‌ನ ತಲೆನೋವು ಎಂದರು. 8ಚಾನ್ ಕೂಡ ಮೂರು ತಿಂಗಳಲ್ಲಿ 8ಕುನ್ ಎಂಬ ಹೆಸರಲ್ಲಿ ಎದ್ದು ಬಂತು.

ಹಾಗಿದ್ದರೆ ಕಿತ್ತುಹಾಕಿ ಏನು ಪ್ರಯೋಜನ? ಹುತ್ತ ಬಡಿದರೆ ಹಾವು ಸಾಯದು ಎನ್ನುವವರಿದ್ದಾರೆ. ಸಂಶೋಧಕರ ಉತ್ತರ ಅಷ್ಟು ಸಲೀಸಿಲ್ಲ. ಚರ್ಚಾತಾಣ ರೆಡಿಟ್ 2015ರಲ್ಲಿ ಕರಿಯರನ್ನೂ ದಪ್ಪಗಿರುವವರನ್ನೂ ಹೀಯಾಳಿಸುವ ಗುಂಪುಗಳನ್ನು ಮುಚ್ಚಿತು. ಜಾರ್ಜಿಯಾ ಟೆಕ್‌ನ ಸಂಶೋಧಕರು ಅವುಗಳ ಸದಸ್ಯರನ್ನು ಹಿಂಬಾಲಿಸಿ ನೋಡಿದರು. ಬಹಳಷ್ಟು ಮಂದಿ ರೆಡಿಟ್ಟನ್ನೇ ಬಿಟ್ಟಿದ್ದರು, ಉಳಿದವರ ಬರಹದಲ್ಲಿ ದ್ವೇಷದ ಮಾತು ಕನಿಷ್ಠ ಶೇ 80ರಷ್ಟು ಇಳಿದಿತ್ತು. ರೆಡಿಟ್ ಮಟ್ಟಿಗೆ ಇದು ಗೆಲುವು. ಬಿಟ್ಟುಹೋದವರ ಕತೆ ಬೇರೆ. ಟ್ರಂಪ್ ಅಭಿಮಾನಿಗಳ ‘ದಿ ಡೊನಾಲ್ಡ್’ ಗುಂಪನ್ನು ರೆಡಿಟ್ 2020ರ ಜೂನ್‌ನಲ್ಲಿ, ಸುಮಾರು 2,000 ಗುಂಪುಗಳ ಜತೆಗೆ ಮುಚ್ಚಿತು. ಅವರು ಅಷ್ಟರಲ್ಲಾಗಲೇ ಸ್ವಂತ ತಾಣ ಕಟ್ಟಿಕೊಂಡಿದ್ದರು. ಅದನ್ನು ಅಧ್ಯಯನ ಮಾಡಿ 2021ರಲ್ಲಿ ಪ್ರಕಟವಾದ ಪ್ರಬಂಧದ ಪ್ರಕಾರ, ಹೊಸ ಮನೆಯಲ್ಲಿ ಬರಹ ಕಡಿಮೆಯಾಗಿತ್ತು, ಹೊಸಬರ ಬರವು ಕುಸಿದಿತ್ತು. ಆದರೆ ಉಳಿದವರ ಮಾತಿನ ವಿಷ ಹೆಚ್ಚಿತ್ತು. ಗುಂಪು ಸಣ್ಣದಾಗುತ್ತದೆ, ಒಳಗಿದ್ದವರು ಇನ್ನಷ್ಟು ಗಟ್ಟಿಯಾಗುತ್ತಾರೆ. ದಾರಿಹೋಕ ಹುಡುಗನೊಬ್ಬ ಒಳಗೆ ಜಾರಿ ಬೀಳುವುದು ತಪ್ಪುತ್ತದೆ ಎಂಬುದೇ ನನಗೆ ಕಾಣುವ ದೊಡ್ಡ ಲಾಭ, ಅದು ಸಣ್ಣದಲ್ಲ. ಆದರೆ ಕಿತ್ತುಹಾಕಿದ್ದರಿಂದ ಸಮಸ್ಯೆ ಮುಗಿಯಿತು ಎನ್ನುವುದು ನಮ್ಮ ಸಮಾಧಾನಕ್ಕಷ್ಟೇ.

2021ರ ಜನವರಿ 6ರಂದು ಅಮೆರಿಕದ ಸಂಸತ್ ಭವನಕ್ಕೆ ಜನ ನುಗ್ಗಿದರು. ಎರಡು ದಿನಕ್ಕೆ ಟ್ವಿಟರ್ ಟ್ರಂಪ್ ಖಾತೆಯನ್ನು ಮುಚ್ಚಿತು. ಪಾರ್ಲರ್ ಆ್ಯಪನ್ನು ಆ್ಯಪಲ್, ಗೂಗಲ್ ತಮ್ಮ ಅಂಗಡಿಯಿಂದ ತೆಗೆದವು, ಅಮೆಜಾನ್ ಸರ್ವರ್ ಕೊಡುವುದನ್ನೇ ನಿಲ್ಲಿಸಿತು. ದ್ವೇಷ ಭಾಷಣದ ವಿರುದ್ಧ ಬಿಗಿ ಕಾನೂನಿರುವ ಜರ್ಮನಿಯಿಂದಲೇ ಆಕ್ಷೇಪ ಬಂದದ್ದು ವಿಶೇಷ. ಮಾತಿಗೆ ಮಿತಿ ಹಾಕಬೇಕಾದದ್ದು ಶಾಸನವೇ ಹೊರತು ಕಂಪನಿಯ ಮುಖ್ಯಸ್ಥರಲ್ಲ ಎಂಬುದು ಚಾನ್ಸಲರ್ ಮರ್ಕೆಲ್ ಅವರ ನಿಲುವಾಗಿತ್ತು. ಮುಂದೆ ಟ್ವಿಟರ್ ಕೈಬದಲಾಯಿತು, ಮುಚ್ಚಿದ್ದ ಖಾತೆಗಳು ಒಂದೊಂದಾಗಿ ತೆರೆದವು. ಒಬ್ಬರ ಬೇಸರದಲ್ಲಿ ಹೋದದ್ದು ಇನ್ನೊಬ್ಬರ ಉತ್ಸಾಹದಲ್ಲಿ ವಾಪಸು ಬರಬಹುದು ಎಂಬುದಷ್ಟೇ ಅದರಿಂದ ತಿಳಿದದ್ದು.

ಈಗ ನಮ್ಮ ಅಂಗಳಕ್ಕೆ ಬರೋಣ. ಭಾರತದಲ್ಲಿ ಸ್ವಿಚ್ ಮೊದಲಿನಿಂದಲೂ ಸರ್ಕಾರದ ಕೈಯಲ್ಲಿದೆ. ಸಂವಿಧಾನದ 19(1)(ಎ) ಕೊಡುವ ವಾಕ್ ಸ್ವಾತಂತ್ರ್ಯಕ್ಕೆ 19(2) ಮಿತಿ ಹಾಕುತ್ತದೆ. ಐಟಿ ಕಾಯ್ದೆಯ 69ಎ ಸೆಕ್ಷನ್ ತಾಣಗಳನ್ನು ತಡೆಯುವ ಅಧಿಕಾರ ಕೊಡುತ್ತದೆ. 2012ರ ಆಗಸ್ಟ್‌ನ ಬೆಂಗಳೂರನ್ನು ನೆನಪಿಸಿಕೊಳ್ಳಿ. ಈಶಾನ್ಯದವರ ಮೇಲೆ ದಾಳಿಯಾಗುತ್ತದೆ ಎಂಬ ಗಾಳಿಸುದ್ದಿ ಎಸ್‌ಎಂಎಸ್‌ನಲ್ಲಿ ಹಬ್ಬಿ ಸಾವಿರಾರು ಜನ ರೈಲು ನಿಲ್ದಾಣಕ್ಕೆ ಓಡಿದರು, ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಸರ್ಕಾರ ಒಮ್ಮೆಗೇ ಐದು ಮಂದಿಗಿಂತ ಹೆಚ್ಚಿಗೆ ಎಸ್‌ಎಂಎಸ್ ಹೋಗದಂತೆ ತಡೆಯಿತು, ಮುನ್ನೂರಕ್ಕೂ ಹೆಚ್ಚು ಕೊಂಡಿಗಳನ್ನು ಮುಚ್ಚಿಸಿತು. ಆ ಪಟ್ಟಿಯಲ್ಲಿ ಗಾಳಿಸುದ್ದಿ ಸುಳ್ಳೆಂದು ಬಿಡಿಸಿ ಹೇಳಿದ ಪುಟಗಳೂ ಸೇರಿಹೋಗಿದ್ದವು. ತುರ್ತಿನಲ್ಲಿ ಬೀಸಿದ ಬಲೆ.

ಎರಡು ವರ್ಷದ ನಂತರ ಇದೇ ಊರು ಬೇರೆ ಕಾರಣಕ್ಕೆ ಸುದ್ದಿಯಾಯಿತು. ಐಸಿಸ್ ಪರ ಟ್ವಿಟರ್ ಖಾತೆಗಳಲ್ಲಿ ಅತ್ಯಂತ ಪ್ರಭಾವಿಯೆನಿಸಿದ್ದ, 17 ಸಾವಿರಕ್ಕೂ ಹೆಚ್ಚು ಹಿಂಬಾಲಕರಿದ್ದ ಒಂದು ಖಾತೆಯನ್ನು ನಡೆಸುತ್ತಿದ್ದವನು ಬೆಂಗಳೂರಿನ ಉದ್ಯೋಗಸ್ಥ ಯುವಕ ಎಂದು ಬ್ರಿಟನ್ನಿನ ಚಾನಲ್ 4 ಬಯಲು ಮಾಡಿತು. ಪತ್ತೆ ಹಚ್ಚಿದ್ದು ಟ್ವಿಟರ್ ಅಲ್ಲ, ಪೊಲೀಸರೂ ಅಲ್ಲ, ಪತ್ರಕರ್ತರು. ಆಮೇಲೆ ಟ್ವಿಟರ್ ಐಸಿಸ್ ನಂಟಿನ ಖಾತೆಗಳನ್ನು ಬಾಚಿ ಹೊರಹಾಕತೊಡಗಿತು. 2015ರ ಮಧ್ಯದಿಂದ 1.25 ಲಕ್ಷ ಖಾತೆ ಮುಚ್ಚಿದ್ದೇವೆ ಎಂದು 2016ರ ಫೆಬ್ರುವರಿಯಲ್ಲಿ ಹೇಳಿತು. ಆಗ ವಾಕ್ ಸ್ವಾತಂತ್ರ್ಯದ ಪ್ರಶ್ನೆ ಎತ್ತಿದವರು ವಿರಳ. ಬಿಳಿಯ ಜನಾಂಗವಾದಿಗಳ ಸರದಿ ಬಂದಾಗ ಎದ್ದ ಚರ್ಚೆಯ ಕಾವಿಗೆ ಇದನ್ನು ಹೋಲಿಸಿದರೆ, ನಾವು ತತ್ವ ಎಂದುಕೊಂಡಿದ್ದರಲ್ಲಿ ನಮ್ಮವರು–ಪರರು ಎಂಬ ಲೆಕ್ಕ ಎಷ್ಟಿತ್ತೆಂದು ಕಾಣುತ್ತದೆ.

2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಆಕ್ಷೇಪಾರ್ಹ ಪೋಸ್ಟ್‌ಗೆ ಜೈಲು ವಿಧಿಸುತ್ತಿದ್ದ ಐಟಿ ಕಾಯ್ದೆಯ 66ಎ ಸೆಕ್ಷನ್ ರದ್ದು ಮಾಡಿತು, 69ಎಯನ್ನು ಉಳಿಸಿತು. ಕಾರಣಗಳನ್ನು ಲಿಖಿತವಾಗಿ ದಾಖಲಿಸಬೇಕು, ಸಮಿತಿ ಪರಿಶೀಲಿಸಬೇಕು ಎಂಬ ಕಟ್ಟುಪಾಡುಗಳಿವೆಯಲ್ಲ ಎಂಬುದು ಆಧಾರ. ಆದರೆ 69ಎ ಅಡಿಯ ನಿಯಮಾವಳಿಯಲ್ಲೇ ಇರುವ 16ನೇ ನಿಯಮ ಎಲ್ಲವನ್ನೂ ಗೋಪ್ಯವಾಗಿಡುತ್ತದೆ. ಖಾತೆ ಹೋದವನಿಗೆ ಹೋದದ್ದೇ ಗೊತ್ತು, ಏಕೆಂದು ಗೊತ್ತಾಗುವುದಿಲ್ಲ. ಇಂಥ ತಡೆ ಆದೇಶಗಳ ವಿರುದ್ಧ ಟ್ವಿಟರ್ 2022ರಲ್ಲಿ ಕರ್ನಾಟಕ ಹೈಕೋರ್ಟಿಗೆ ಹೋದಾಗ ಎತ್ತಿದ ಪ್ರಶ್ನೆಗಳಲ್ಲಿ ಇದೂ ಒಂದು. 2023ರ ಜೂನ್ 30ರಂದು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅರ್ಜಿ ವಜಾ ಮಾಡಿ, ಆದೇಶ ಪಾಲಿಸದೆ ಕಾಲ ತಳ್ಳಿದ್ದಕ್ಕೆ 50 ಲಕ್ಷ ರೂಪಾಯಿ ದಂಡ ಹಾಕಿದರು.

‘ಸಹಯೋಗ್’ ಬಂದ ಮೇಲೆ 69ಎಯ ಕಟ್ಟುಪಾಡೂ ಬೇಕಿಲ್ಲದಾಯಿತು ಎಂಬುದು ಎಕ್ಸ್ (ಹಿಂದಿನ ಟ್ವಿಟರ್) ಕಂಪನಿಯ ಮುಂದಿನ ದೂರು. ಆ ಪೋರ್ಟಲ್ ಮೂಲಕ, ಸೂಚನೆ ಬಂದರೂ ತೆಗೆಯದ ವೇದಿಕೆಗೆ ಕಾನೂನಿನ ರಕ್ಷಣೆ ಇಲ್ಲ ಎನ್ನುವ ಐಟಿ ಕಾಯ್ದೆಯ 79(3)(ಬಿ) ಅಡಿ ಕೇಂದ್ರ ಮತ್ತು ರಾಜ್ಯಗಳ ಅಧಿಕಾರಿಗಳು ನೇರವಾಗಿ ತೆಗೆಯುವ ಸೂಚನೆ ಕಳಿಸಬಹುದು. 2025ರ ಸೆಪ್ಟೆಂಬರ್ 24ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಈ ಅರ್ಜಿಯನ್ನೂ ವಜಾ ಮಾಡಿದರು. ವಿದೇಶಿ ಕಂಪನಿಗೆ 19ನೇ ವಿಧಿಯ ಆಸರೆ ಸಿಗದು ಎಂದರು. ಮೇಲ್ಮನವಿ ಹಾಕುತ್ತೇವೆ ಎಂದು ಕಂಪನಿ ಹೇಳಿತು. ತಿಂಗಳು ಕಳೆಯುವುದರೊಳಗೆ ಕೇಂದ್ರ ನಿಯಮ ತಿದ್ದಿತು. ಸೂಚನೆ ಕಳಿಸುವವರು ಜಂಟಿ ಕಾರ್ಯದರ್ಶಿ ಅಥವಾ ಪೊಲೀಸ್‌ನಲ್ಲಾದರೆ ಡಿಐಜಿ ದರ್ಜೆಗಿಂತ ಕೆಳಗಿನವರಾಗಿರಬಾರದು, ಕಾನೂನಿನ ಆಧಾರವನ್ನೂ ಯಾವ ಕೊಂಡಿ ಎಂಬುದನ್ನೂ ಸ್ಪಷ್ಟವಾಗಿ ಬರೆಯಬೇಕು, ತಿಂಗಳಿಗೊಮ್ಮೆ ಕಾರ್ಯದರ್ಶಿ ಮಟ್ಟದವರು ಪರಿಶೀಲಿಸಬೇಕು. 2025ರ ನವೆಂಬರ್ 15ರಿಂದ ಇದು ಜಾರಿಗೆ ಬಂದಿದೆ. ಸೂಚನೆಯ ಪ್ರತಿಯನ್ನು ಪೋಸ್ಟ್ ಬರೆದವರಿಗೂ ಕೊಡಬೇಕು ಎಂಬ ಸಾಲು ಅದರಲ್ಲಿಲ್ಲ.