ಪತ್ರಕ್ಕೆ ಮೂರು ಉದ್ಗಾರ ಚಿಹ್ನೆ ಬೇಕೇ?

ಪ್ರಶ್ನೆ: ಕಾಲುವೆ ನೀರಿನ ಬಗ್ಗೆ ಪತ್ರಿಕೆಗಳಿಗೆ ಆಗಾಗ ಬರೆಯುತ್ತೇನೆ. ಒತ್ತಿ ಹೇಳಲೆಂದು ವಾಕ್ಯಕ್ಕೆ ಮೂರು ಮೂರು ಉದ್ಗಾರ ಚಿಹ್ನೆ ಹಾಕಿದರೂ ಬರಹ ಸಪ್ಪೆ ಅನ್ನಿಸುತ್ತದೆ. ಏಕೆ?
– ಓದುಗರು, ಮಾನ್ವಿ

ಉತ್ತರ: ಒತ್ತಿ ಹೇಳುವುದಕ್ಕೆ ಕನ್ನಡದಲ್ಲಿ ಚಿಹ್ನೆಗಿಂತ ಹಳೆಯ ಸಾಧನವೊಂದಿದೆ, ‘ಏ’ ಎಂಬ ಪುಟ್ಟ ಅವ್ಯಯ. ವ್ಯಾಕರಣದಲ್ಲಿ ಇದರ ಕೆಲಸಕ್ಕೆ ಅವಧಾರಣೆ ಎನ್ನುತ್ತಾರೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದ ರೈತರ ಮಾತನ್ನೇ ನೋಡಿ. ‘ನಮ್ಮ ಹೊಲಕ್ಕೆ ನೀರು ಬಂದಿಲ್ಲ’ ಎಂದರೆ ಬರೀ ಸುದ್ದಿ. ‘ನಮ್ಮ ಹೊಲಕ್ಕೇ ನೀರು ಬಂದಿಲ್ಲ’ ಎಂದರೆ ಮೇಲ್ಭಾಗದವರಿಗೆ ಬಂದಿದೆ ಎಂಬ ದೂರು ಸೇರಿತು. ‘ನೀರೇ ಬಂದಿಲ್ಲ’ ಎಂದರೆ ಗೊಬ್ಬರ, ಬೆಲೆಯ ಮಾತು ಆಮೇಲೆ, ಮೊದಲಿನದ್ದೇ ಇಲ್ಲ. ‘ಬಂದೇ ಇಲ್ಲ’ ಎಂದರೆ ಒಂದು ಸಲವೂ ಇಲ್ಲ. ಏಕಾರ ಸರಿದಂತೆಲ್ಲ ಆರೋಪ ಬದಲಾಗುತ್ತದೆ. ಹಾಗೆಂದು ಒಂದೇ ವಾಕ್ಯದಲ್ಲಿ ಮೂರು ಕಡೆ ಹಾಕಿದರೆ ಯಾವುದಕ್ಕೂ ಬಲ ಉಳಿಯದು. ಧರಣಿಗಳಲ್ಲಿ ಕೂಗುವ ‘ಬೇಕೇ ಬೇಕು, ನ್ಯಾಯ ಬೇಕು’ ಎಂಬಲ್ಲಿ ಏಕಾರ ಬರುವುದು ಒಮ್ಮೆ ಮಾತ್ರ.

ಇನ್ನು ಪದದ ಜಾಗ. ಸಾಮಾನ್ಯವಾಗಿ ಕ್ರಿಯಾಪದಕ್ಕೆ ತಾಗಿ ಕೂತ ಪದಕ್ಕೆ ತೂಕ ಹೆಚ್ಚು. 2022ರ ಮೇ ತಿಂಗಳಲ್ಲಿ ಶುರುವಾದ ರಾಯಚೂರಿನ ಏಮ್ಸ್ (ಕೇಂದ್ರ ಸರ್ಕಾರದ ದೊಡ್ಡ ಆಸ್ಪತ್ರೆ) ಹೋರಾಟದ ಬೇಡಿಕೆಯನ್ನು ಎರಡು ರೀತಿ ಬರೆಯಬಹುದು. ‘ರಾಯಚೂರಿಗೆ ಏಮ್ಸ್ ಬೇಕು’ ಎಂಬುದು ಏನು ಬೇಕೆಂದು ಹೇಳುತ್ತದೆ. ‘ಏಮ್ಸ್ ರಾಯಚೂರಿಗೆ ಬೇಕು’ ಎಂದಾಗ ಬೇರೆ ಊರಿಗಲ್ಲ ಎಂಬ ಹಟ ಕೇಳಿಸುತ್ತದೆ. ನಿಮ್ಮ ಜಗಳ ಯಾವುದರ ಬಗ್ಗೆ ಎಂಬುದನ್ನು ತೀರ್ಮಾನಿಸಿಕೊಂಡು ಪದ ಜೋಡಿಸಿ.

‘ಕ್ರಮ ಕೈಗೊಳ್ಳಲಾಗುವುದು’ ಎಂಬ ಸರ್ಕಾರಿ ವಾಕ್ಯ ನಿಮ್ಮ ಬರಹಕ್ಕೂ ನುಸುಳದಂತೆ ನೋಡಿಕೊಳ್ಳಿ. ಅದರಲ್ಲಿ ಕರ್ತೃವೇ ಇಲ್ಲ. ಸಂವಿಧಾನದ 371ಜೆ ವಿಧಿಯಡಿ ಕಲ್ಯಾಣ ಕರ್ನಾಟಕದವರಿಗೆ ಮೀಸಲಾದ ಹುದ್ದೆಗಳ ಬಗ್ಗೆ ಬರೆಯುವಾಗಲೂ ‘ಭರ್ತಿ ಮಾಡಲಾಗಿಲ್ಲ’ ಎನ್ನಬೇಡಿ, ಯಾವ ಇಲಾಖೆ ಮಾಡಿಲ್ಲ ಎಂದು ಬರೆಯಿರಿ. ಹೊಣೆ ಹೊರಬೇಕಾದವರ ಹೆಸರನ್ನು ನಾವೇ ಅಳಿಸಿಬಿಟ್ಟರೆ ಪತ್ರ ಬರೆದೂ ವ್ಯರ್ಥ.

ಚಿಹ್ನೆಗಳ ವಿಷಯಕ್ಕೆ ಬಂದರೆ, ನಾನು ಹೆಚ್ಚು ನಂಬುವುದು ಪೂರ್ಣವಿರಾಮವನ್ನು. ನಿಮ್ಮ ಪತ್ರದಲ್ಲಿ ಹೀಗಿದೆ: ‘ಅಧಿಕಾರಿಗಳು ಬರುತ್ತಾರೆ, ನೋಡುತ್ತಾರೆ, ಭರವಸೆ ಕೊಟ್ಟು ಹೋಗುತ್ತಾರೆ, ಆದರೆ ನೀರು ಮಾತ್ರ ಬರುತ್ತಿಲ್ಲ!!!’ ಇದನ್ನು ಹೀಗೆ ಒಡೆಯಿರಿ: ‘ಅಧಿಕಾರಿಗಳು ಬಂದರು, ನೋಡಿದರು, ಭರವಸೆ ಕೊಟ್ಟು ಹೋದರು. ನೀರು ಬರಲಿಲ್ಲ.’ ‘ಆದರೆ’, ‘ಮಾತ್ರ’ ಎರಡೂ ಹೋದವು, ಕೊನೆಗೆ ಎರಡೇ ಪದ ಉಳಿದವು. ಹಳೆಯದು, ಹೊಸದು ಎರಡನ್ನೂ ಒಮ್ಮೆ ಗಟ್ಟಿಯಾಗಿ ಓದಿ ನೋಡಿ. ಆಮೇಲೆ ತಡಮಾಡದೆ ಕಳುಹಿಸಿ, ನಾಟಿಯ ಹೊತ್ತು ಮೀರುವ ಮೊದಲು.