ಸಿಯಾಟಲ್‌ನಲ್ಲಿ ಸಮುದಾಯ ನಾಯಕರ ತಯಾರಿ: ಬಜೆಟ್ ಪಂಚಾಂಗದಿಂದ ಶುರು

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿರುವ ಸಿಯಾಟಲ್‌ನ ಮೇಯರ್ ಮುಂದಿನ ವರ್ಷದ ಬಜೆಟ್ಟನ್ನು ಸೆಪ್ಟೆಂಬರ್ ಕೊನೆಯ ಹೊತ್ತಿಗೆ ನಗರ ಪರಿಷತ್ತಿನ ಮುಂದಿಡುತ್ತಾರೆ. ಸಾಮಾನ್ಯವಾಗಿ ನವೆಂಬರ್ ಮುಗಿಯುವುದರೊಳಗೆ ಪರಿಷತ್ತು ಅದಕ್ಕೆ ಒಪ್ಪಿಗೆ ಕೊಡುತ್ತದೆ. ನಡುವಿನ ಅಕ್ಟೋಬರ್‌ನಲ್ಲಿ ಸಭಾಂಗಣ ಕಿಕ್ಕಿರಿಯುತ್ತದೆ. ಒಬ್ಬೊಬ್ಬರಿಗೆ ಒಂದೋ ಎರಡೋ ನಿಮಿಷ, ಮೈಕ್ ಮುಂದೆ ನಿಂತು ಗೋಳು ಹೇಳಿಕೊಂಡು ಮನೆಗೆ ಹೋಗುವುದು. ಆದರೆ ಇಲಾಖೆಗಳು ತಮ್ಮ ಬೇಡಿಕೆ ಪಟ್ಟಿಯನ್ನು ಬರೆದು ಮುಗಿಸಿರುವುದು ಅಲ್ಲಿನ ಬೇಸಿಗೆಯಲ್ಲೇ (ಜೂನ್–ಆಗಸ್ಟ್). ಅಕ್ಟೋಬರ್‌ಗೆ ಉಳಿದಿರುವುದು ತಿದ್ದುಪಡಿಯಲ್ಲಿ ಅತ್ತಿತ್ತ ಸರಿಸಬಹುದಾದ ಸಣ್ಣ ಪಾಲು ಮಾತ್ರ. ಸೆಪ್ಟೆಂಬರ್‌ನಲ್ಲಿ ತರಗತಿ ಶುರುಮಾಡಿ ಡಿಸೆಂಬರ್‌ನಲ್ಲಿ ಪ್ರಮಾಣಪತ್ರ ಹಂಚುವ ನಾಯಕತ್ವ ತರಬೇತಿಗಳು ಊಟಕ್ಕಿಲ್ಲದ ಉಪ್ಪಿನಕಾಯಿ. ಜನವರಿಯಲ್ಲಿ ಆರಂಭಿಸಿ ಜೂನ್‌ಗೆ ಮುಗಿಸಿದರೆ, ತರಬೇತಿ ಪಡೆದವರು ಇಲಾಖೆಯ ಅಧಿಕಾರಿ ಕರಡು ಬರೆಯುತ್ತಿರುವಾಗಲೇ ಅವರ ಎದುರು ಕೂರಬಹುದು.

ಯಾವ ನಗರದಲ್ಲೇ ಆಗಲಿ, ಜನಾಂಗೀಯ ಸಮಾನತೆಗಾಗಿ ನಾಯಕರನ್ನು ತಯಾರು ಮಾಡಲು ಹೊರಟವರಿಗೆ ಮೊದಲು ಹೇಳಬೇಕಾದ ಮಾತು ಇದು: ಭಾಷಣ ಕಲಿಸುವುದನ್ನು ಆಮೇಲೆ ಇಟ್ಟುಕೊಳ್ಳಿ. ಯಾವ ಕುರ್ಚಿ, ಅದು ಎಂದು ಖಾಲಿಯಾಗುತ್ತದೆ, ಅದರ ಕೈಯಲ್ಲಿ ಏನಿದೆ ಎಂಬುದನ್ನು ಗೊತ್ತುಮಾಡಿಕೊಂಡು ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ.

ಕುರ್ಚಿಯ ಬೆಲೆ ಏನೆಂಬುದಕ್ಕೆ ಸಿಯಾಟಲ್‌ನ ಇತಿಹಾಸವೇ ಸಾಕ್ಷಿ. 1936ರ ಸಾಲದ ನಕ್ಷೆಯಲ್ಲಿ ಕಪ್ಪು ವರ್ಣೀಯರು ನೆಲೆಸಿದ್ದ ಸೆಂಟ್ರಲ್ ಡಿಸ್ಟ್ರಿಕ್ಟ್ ಬಡಾವಣೆಗೆ, ಸಾಲ ಕೊಡಲು ಅಪಾಯದ ಜಾಗವೆಂದು, ಕೆಂಪು ಬಣ್ಣ ಬಳಿದಿದ್ದರು. ಅಲ್ಲಿ ಮನೆಸಾಲ ಹುಟ್ಟುವುದು ದುಸ್ತರ. ಬೇರೆ ಬಡಾವಣೆಗಳ ಕ್ರಯಪತ್ರಗಳಲ್ಲಿ ‘ಬಿಳಿಯರಲ್ಲದವರಿಗೆ ಮಾರಕೂಡದು’ ಎಂಬ ಷರತ್ತು. ಬಾಡಿಗೆ ಮತ್ತು ಮಾರಾಟದಲ್ಲಿ ಭೇದ ನಿಷೇಧಿಸುವ ಪ್ರಸ್ತಾವ 1964ರಲ್ಲಿ ಜನಮತಕ್ಕೆ ಹೋದಾಗ ಎರಡಕ್ಕೆ ಒಂದರಷ್ಟು ಅಂತರದಲ್ಲಿ ಬಿದ್ದುಹೋಯಿತು. 1967ರಲ್ಲಿ ಸ್ಯಾಮ್ ಸ್ಮಿತ್ ಪರಿಷತ್ತಿನ ಮೊದಲ ಕಪ್ಪು ಸದಸ್ಯರಾಗಿ ಗೆದ್ದರು. ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಎರಡೇ ವಾರಗಳಲ್ಲಿ, 1968ರ ಏಪ್ರಿಲ್ 19ರಂದು, ಅದೇ ಕಾನೂನು ಸರ್ವಾನುಮತದಿಂದ ಅಂಗೀಕಾರವಾಯಿತು, ಅದೂ ತುರ್ತು ಕಲಮಿನೊಂದಿಗೆ. ಆ ಕಲಮು ಇದ್ದುದರಿಂದ ವಿರೋಧಿಗಳು ಕಾನೂನನ್ನು ಮತ್ತೆ ಜನಮತಕ್ಕೆ ಎಳೆಯುವಂತಿರಲಿಲ್ಲ. ಬೀದಿಯ ಒತ್ತಡ, ಒಳಗೊಬ್ಬ ಸದಸ್ಯ, ಕಾರ್ಯವಿಧಾನದ ಜ್ಞಾನ, ಮೂರೂ ಒಂದೇ ವಾರದಲ್ಲಿ ಕೂಡಿಬಂದಿದ್ದವು. ತರಬೇತಿಯಲ್ಲಿ ಮೊದಲೆರಡರ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಮೂರನೆಯದನ್ನು ಕಲಿಸುವವರು ಕಡಿಮೆ.

ಹಾಗೆಂದು ಕಾನೂನೊಂದೇ ಊರನ್ನು ಉಳಿಸಲಿಲ್ಲ. 1970ರ ಸುಮಾರಿಗೆ ಸೆಂಟ್ರಲ್ ಡಿಸ್ಟ್ರಿಕ್ಟ್‌ನ ನೂರರಲ್ಲಿ ಎಪ್ಪತ್ತಕ್ಕೂ ಹೆಚ್ಚು ಜನ ಕಪ್ಪು ವರ್ಣೀಯರಾಗಿದ್ದರು. ಈಗ ಇಪ್ಪತ್ತಕ್ಕೂ ಕಡಿಮೆ. ಬಾಡಿಗೆ ಮತ್ತು ಆಸ್ತಿ ತೆರಿಗೆ ಅವರನ್ನು ದಕ್ಷಿಣಕ್ಕೆ ತಳ್ಳಿದವು.

ನಗರಾಡಳಿತ 2004ರಲ್ಲಿ ‘ಜನಾಂಗ ಮತ್ತು ಸಾಮಾಜಿಕ ನ್ಯಾಯ’ ಉಪಕ್ರಮವನ್ನು ಶುರುಮಾಡಿತು. 2023ರಲ್ಲಿ ಅದಕ್ಕೆ ಕಾನೂನಿನ ಬಲ ಬಂತು. ಇದರ ಕೈಪಿಡಿಯಲ್ಲಿ ಆರು ಹಂತಗಳಿವೆ: ಬಯಸುವ ಫಲ ಗೊತ್ತುಮಾಡುವುದು, ಜನರನ್ನು ಸೇರಿಸಿಕೊಂಡು ಅಂಕಿಅಂಶ ನೋಡುವುದು, ಲಾಭ ಯಾರಿಗೆ ಹೊರೆ ಯಾರಿಗೆ ಎಂದು ಅಳೆಯುವುದು, ಹಾನಿ ತಗ್ಗಿಸುವ ದಾರಿ ಹುಡುಕುವುದು, ಮೌಲ್ಯಮಾಪನ, ವರದಿ. ಕಾಗದದ ಮೇಲೆ ಚೆನ್ನಾಗಿದೆ. ಯೋಜನೆಯ ತೀರ್ಮಾನವಾದ ಮೇಲೆ ಈ ಹಂತಗಳ ನಮೂನೆಯನ್ನು ತುಂಬಿದರೆ ಎರಡನೆಯ ಹಂತ ಬರೀ ಶಾಸ್ತ್ರವಾಗುತ್ತದೆ. ಆದ್ದರಿಂದ ತರಬೇತಿ ಪಡೆದವರು ಸಭೆಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ತುಂಬ ಸರಳ: ಈ ನಮೂನೆ ತುಂಬಿದ ತಾರೀಖು ಯಾವುದು, ಟೆಂಡರ್ ಕರೆದ ತಾರೀಖು ಯಾವುದು? ಉತ್ತರ ಬರುವ ವೇಗದಲ್ಲೇ ಅರ್ಧ ವಿಷಯ ತಿಳಿಯುತ್ತದೆ.

ಕರ್ನಾಟಕದವರಿಗೆ ಇಲ್ಲೊಂದು ಸಂಗತಿ ವಿಚಿತ್ರವಾಗಿ ಕಾಣಬಹುದು. ನಮ್ಮಲ್ಲಿ ಗ್ರಾಮ ಪಂಚಾಯಿತಿಯಿಂದ ಪಾಲಿಕೆಯವರೆಗೆ ಪರಿಶಿಷ್ಟರಿಗೆ, ಮಹಿಳೆಯರಿಗೆ ಮೀಸಲು ಸ್ಥಾನಗಳಿವೆ. ಕುರ್ಚಿ ಮೊದಲು ಸಿಗುತ್ತದೆ, ತಯಾರಿ ಆಮೇಲೆ, ಕೆಲವೊಮ್ಮೆ ಕುರ್ಚಿಯ ಹಿಂದೆ ಗಂಡನೋ ಗೌಡನೋ ನಿಂತಿರುತ್ತಾನೆ. ಸಿಯಾಟಲ್‌ನಲ್ಲಿ ಜನಾಂಗದ ಮೀಸಲಾತಿಯೇ ಇಲ್ಲ. ಅಷ್ಟೇ ಅಲ್ಲ, ವಾಷಿಂಗ್ಟನ್ ರಾಜ್ಯದ ಮತದಾರರು 1998ರಲ್ಲಿ ಒಪ್ಪಿದ ಇನಿಷಿಯೇಟಿವ್ 200 ಎಂಬ ಕಾನೂನು, ಸರ್ಕಾರಿ ನೇಮಕಾತಿ, ಗುತ್ತಿಗೆ ಮತ್ತು ಶಿಕ್ಷಣದಲ್ಲಿ ಜನಾಂಗದ ಆಧಾರದ ಆದ್ಯತೆಯನ್ನು ನಿಷೇಧಿಸಿದೆ. ಅದನ್ನು ತೆಗೆದುಹಾಕುವ ಯತ್ನ 2019ರ ಜನಮತದಲ್ಲಿ ಸ್ವಲ್ಪದರಲ್ಲಿ ಸೋತಿತು. ಹಾಗಾಗಿ ಸಾರ್ವಜನಿಕ ಹಣದ ತರಬೇತಿಯ ಅರ್ಜಿಯಲ್ಲಿ ‘ಇಂಥ ಜನಾಂಗದವರಿಗೆ ಮಾತ್ರ’ ಎಂದು ಬರೆದರೆ ಅದು ವಕೀಲರ ಮೇಜಿನಲ್ಲೇ ನಿಂತುಹೋಗುತ್ತದೆ. ವಾಸಿಸುವ ಬಡಾವಣೆ, ಮನೆಯಲ್ಲಿ ಆಡುವ ಭಾಷೆ, ಬಾಡಿಗೆದಾರರೋ ಅಲ್ಲವೋ, ಸ್ಥಳಾಂತರ ಅನುಭವಿಸಿದ್ದಾರೋ ಇಲ್ಲವೋ ಇವುಗಳನ್ನು ಅಳತೆಗೋಲು ಮಾಡಿಕೊಂಡು, ಪ್ರಚಾರವನ್ನು ವಲಸಿಗರು ಹೆಚ್ಚಿರುವ ರೇನಿಯರ್ ವ್ಯಾಲಿಯ ಮಸೀದಿ, ಚರ್ಚು, ದಿನಸಿ ಅಂಗಡಿಗಳ ಮೂಲಕ ಮಾಡಬೇಕು. ಇ–ಮೇಲ್ ಪಟ್ಟಿಗೆ ಕಳಿಸಿದ ಪ್ರಕಟಣೆಗೆ ಅರ್ಜಿ ಹಾಕುವವರು ಈಗಾಗಲೇ ನಾಲ್ಕು ಸಮಿತಿಗಳಲ್ಲಿ ಇರುವವರೇ.

ಆ ಕಾಯಿಲೆ ಹಳೆಯದು. ನಗರ ಮನ್ನಣೆ ಕೊಟ್ಟಿದ್ದ 13 ಜಿಲ್ಲಾ ಮಂಡಳಿಗಳಿಗೆ (ನಗರದ ಬಡಾವಣೆಗಳ ನಿವಾಸಿ ಕೂಟಗಳಿಗೆ) ಬರುತ್ತಿದ್ದವರಲ್ಲಿ ಬಹುಪಾಲು ವಯಸ್ಸಾದ, ಬಿಳಿಯ, ಸ್ವಂತ ಮನೆಯುಳ್ಳವರು ಎಂಬ ಕಾರಣಕ್ಕೆ 2016ರಲ್ಲಿ ಅಂದಿನ ಮೇಯರ್ ಅವುಗಳೊಂದಿಗಿನ ಅಧಿಕೃತ ನಂಟನ್ನೇ ಕಡಿದರು. ರಾತ್ರಿ ಏಳಕ್ಕೆ, ಇಂಗ್ಲಿಷಿನಲ್ಲಿ, ಮಕ್ಕಳನ್ನು ಬಿಟ್ಟುಬರಲು ಜಾಗವಿಲ್ಲದ ಸಭೆಗೆ ಎರಡು ಪಾಳಿ ದುಡಿಯುವ ಸೋಮಾಲಿ ತಾಯಿ ಬರಲಿಲ್ಲ ಎಂದರೆ ಅವಳಿಗೆ ಆಸಕ್ತಿಯಿಲ್ಲ ಎಂದಲ್ಲ.

ಇನ್ನು ತರಗತಿಯ ವಿಚಾರ. ಹನ್ನೆರಡರಿಂದ ಹದಿನೈದು ಜನ ಸಾಕು. ಇಪ್ಪತ್ತು ದಾಟಿದರೆ ಮೂಕರು ಮೂಕರಾಗಿಯೇ ಉಳಿಯುತ್ತಾರೆ. ಆರು ತಿಂಗಳು, ತಿಂಗಳಿಗೆ ಎರಡು ಸಂಜೆ, ಒಂದು ಶನಿವಾರ. ಊಟ, ಮಕ್ಕಳ ಪಾಲನೆ, ಬಸ್ ದರ, ಗೌರವಧನ ಇವುಗಳನ್ನು ಬಜೆಟ್ಟಿನ ಮೊದಲ ಸಾಲುಗಳಲ್ಲಿ ಬರೆಯಬೇಕು. ಕೊನೆಯಲ್ಲಿ ಬರೆದದ್ದು ಮೊದಲು ಕತ್ತರಿಸಲ್ಪಡುತ್ತದೆ. ಗೌರವಧನದಲ್ಲೂ ಒಂದು ಬಲೆಯಿದೆ. ಸಬ್ಸಿಡಿ ಮನೆಯಲ್ಲಿರುವವರಿಗೆ, ಆಹಾರ ನೆರವು ಪಡೆಯುವವರಿಗೆ ಅದು ಆದಾಯವೆಂದು ಲೆಕ್ಕವಾಗಿ ಸೌಲಭ್ಯ ಕಡಿತವಾಗಬಹುದು. ಎಚ್–1ಬಿ ವೀಸಾದಲ್ಲಿರುವವರು ಉದ್ಯೋಗದಾತರಲ್ಲದವರಿಂದ ಕೆಲಸಕ್ಕೆ ಹಣ ಪಡೆಯುವುದೇ ಅಪಾಯ. ಮೊದಲ ವಾರದಲ್ಲೇ ಒಬ್ಬೊಬ್ಬರನ್ನೂ ಪ್ರತ್ಯೇಕವಾಗಿ ಕೂರಿಸಿ ಇದನ್ನು ವಿವರಿಸಿ, ಬೇಡವೆನ್ನುವ ಆಯ್ಕೆಯನ್ನೂ ಕೊಡಬೇಕು.

ಅನುವಾದಕ್ಕೆ ಒಬ್ಬರನ್ನು ಕರೆಸಿ ಕೈತೊಳೆದುಕೊಳ್ಳುವುದು ಸಾಮಾನ್ಯ ತಪ್ಪು. ಏಕಕಾಲಿಕ ಅನುವಾದ ಮಾಡುವವರು ಇಪ್ಪತ್ತು–ಮೂವತ್ತು ನಿಮಿಷಕ್ಕೆ ಸುಸ್ತಾಗುತ್ತಾರೆ. ಆದ್ದರಿಂದ ಭಾಷೆಗೆ ಇಬ್ಬರು ಬೇಕು, ಹೆಡ್‌ಸೆಟ್ ಬೇಕು, ಕಾರ್ಯಸೂಚಿ ಮೂರು ದಿನ ಮೊದಲೇ ಅವರ ಕೈಸೇರಬೇಕು. ಒಂದಾದ ಮೇಲೆ ಒಂದರಂತೆ ಮಾಡುವ ಅನುವಾದದಲ್ಲಿ ಎರಡು ನಿಮಿಷದ ಸಾರ್ವಜನಿಕ ಹೇಳಿಕೆ ಒಂದು ನಿಮಿಷಕ್ಕೆ ಇಳಿಯುತ್ತದೆ. ದುಪ್ಪಟ್ಟು ಸಮಯ ಬೇಕೆಂದು ಸಭೆಗೆ ಮುಂಚೆಯೇ ಗುಮಾಸ್ತರನ್ನು ಕೇಳಿಡುವುದನ್ನು ಅಭ್ಯಾಸ ಮಾಡಿಸಬೇಕು.

ಎರಡನೆಯ ತಿಂಗಳೊಳಗೆ ಕುರ್ಚಿಗಳ ನಕ್ಷೆ ತಯಾರಾಗಿರಲಿ. ನಗರದಲ್ಲಿ ಹತ್ತಾರು ಮಂಡಳಿ, ಆಯೋಗಗಳಿವೆ. ಎಲ್ಲವೂ ಒಂದೇ ತೂಕದವಲ್ಲ. 1963ರಿಂದ ಇರುವ ಮಾನವ ಹಕ್ಕುಗಳ ಆಯೋಗ ಸಲಹೆ ಕೊಡುತ್ತದೆ. ಪಾರಂಪರಿಕ ಕಟ್ಟಡಗಳ ಮಂಡಳಿ ಯಾವ ಕಟ್ಟಡಕ್ಕೆ ರಕ್ಷಣೆ ಎಂದು ನಿರ್ಧರಿಸುತ್ತದೆ. 2016ರಲ್ಲಿ ಆರಂಭವಾದ ಸಮಾನ ಅಭಿವೃದ್ಧಿ ಯೋಜನೆಯ ಸಲಹಾ ಮಂಡಳಿಯ ಮಾತು ಜಮೀನು ಮತ್ತು ಅನುದಾನಕ್ಕೆ ತಗಲುತ್ತದೆ. ನಕ್ಷೆಯಲ್ಲಿ ಪ್ರತಿ ಸ್ಥಾನಕ್ಕೆ ನಾಲ್ಕು ಅಂಕಣ ಸಾಕು: ನೇಮಿಸುವವರು ಯಾರು, ಅವಧಿ ಮುಗಿಯುವುದು ಎಂದು, ಹಣವನ್ನು ಮುಟ್ಟುತ್ತದೆಯೇ, ನಗರದಲ್ಲಿ ವಾಸವಿರಲೇಬೇಕೇ ಅಥವಾ ಕೆಲಸ ಮಾಡಿದರೂ ನಡೆಯುತ್ತದೆಯೇ. ಅರ್ಜಿ, ಸಂದರ್ಶನ, ನಾಮನಿರ್ದೇಶನ, ಪರಿಷತ್ತಿನ ಉಪಸಮಿತಿ, ಪೂರ್ಣ ಪರಿಷತ್ತು ಹೀಗೆ ಸಾಗುವ ದಾರಿ ತಿಂಗಳುಗಟ್ಟಲೆ ಎಳೆಯುತ್ತದೆ. ತರಬೇತಿ ಮುಗಿದ ಮೇಲೆ ಅರ್ಜಿ ಹಾಕಿದರೆ ಹುರುಪು ಆರಿಹೋಗಿರುತ್ತದೆ. ಮೂರನೆಯ ತಿಂಗಳಲ್ಲೇ ಹಾಕಿಸಬೇಕು.

ಕುರ್ಚಿಯಲ್ಲಿ ಕೂತ ಮೊದಲ ವಾರದ ಎಡವಟ್ಟು ಬಹುತೇಕ ಒಂದೇ: ಸದಸ್ಯರೆಲ್ಲ ಸೇರಿ ವಾಟ್ಸ್‌ಆ್ಯಪ್ ಗುಂಪು ಮಾಡುವುದು. ವಾಷಿಂಗ್ಟನ್‌ನ ಬಹಿರಂಗ ಸಭೆಗಳ ಕಾಯಿದೆಯ ಪ್ರಕಾರ ಬಹುಮತದಷ್ಟು ಸದಸ್ಯರು ಸಮಿತಿಯ ವಿಷಯವನ್ನು ಅಲ್ಲಿ ಚರ್ಚಿಸಿದರೆ ಅದು ಪ್ರಕಟಣೆಯಿಲ್ಲದೆ ನಡೆದ ಸಭೆ, ಕಾನೂನಿನ ಉಲ್ಲಂಘನೆ. ‘ಎಲ್ಲರಿಗೂ ಉತ್ತರಿಸಿ’ ಗುಂಡಿಯೂ ಹಾಗೆಯೇ. ಸ್ವಂತ ಫೋನಾದರೂ ಸಾರ್ವಜನಿಕ ಕೆಲಸದ ಸಂದೇಶ ಸಾರ್ವಜನಿಕ ದಾಖಲೆಯೇ ಎಂದು ರಾಜ್ಯದ ಸುಪ್ರೀಂ ಕೋರ್ಟ್ 2015ರಲ್ಲಿ ತೀರ್ಪು ಕೊಟ್ಟಿದೆ. ಈ ಕಾಯಿದೆಯ ಬಗ್ಗೆ ಸದಸ್ಯರು ಅಧಿಕಾರ ವಹಿಸಿಕೊಂಡ 90 ದಿನಗಳೊಳಗೆ ತರಬೇತಿ ಪಡೆಯಬೇಕೆಂಬ ನಿಯಮವೂ ಇದೆ. ಅಷ್ಟು ದಿನ ಕಾಯುವುದು ಬೇಡ. ಹೊಸಬರ ತಪ್ಪು ಹಳಬರ ತಪ್ಪಿಗಿಂತ ಬೇಗ ಕಣ್ಣಿಗೆ ಬೀಳುತ್ತದೆ, ಕಪ್ಪು ಅಥವಾ ವಲಸಿಗ ಸದಸ್ಯರದ್ದಾದರೆ ಇನ್ನೂ ಬೇಗ.

ಹಣ ಮೊದಲು ಬಂದು ವ್ಯವಸ್ಥೆ ಆಮೇಲೆ ಬಂದರೆ ಏನಾಗುತ್ತದೆಂಬುದಕ್ಕೆ ಸಹಭಾಗಿ ಬಜೆಟ್ ನೋಡಿ. ಪೊಲೀಸನ ಕೈಯಲ್ಲಿ ನಡೆದ ಕಪ್ಪು ವರ್ಣೀಯ ಜಾರ್ಜ್ ಫ್ಲಾಯ್ಡ್ ಹತ್ಯೆಯ ನಂತರದ ಪ್ರತಿಭಟನೆಗಳ ಒತ್ತಡಕ್ಕೆ ಮಣಿದ ಪರಿಷತ್ತು 2020ರ ಕೊನೆಯಲ್ಲಿ ಸುಮಾರು 3 ಕೋಟಿ ಡಾಲರನ್ನು ಜನರೇ ನಿರ್ಧರಿಸಲಿ ಎಂದು ಎತ್ತಿಟ್ಟಿತು. ಆದರೆ ಅದನ್ನು ನಡೆಸುವವರು ಯಾರು ಎಂಬುದೇ ಇತ್ಯರ್ಥವಾಗದೆ, 2022ರಲ್ಲಿ ಹೊರಗಿನ ಸಂಸ್ಥೆಯೊಂದಕ್ಕೆ ಹೊಣೆ ಹೋಯಿತು. ಜನ ಮತ ಹಾಕಿದ್ದು 2023ರ ಶರತ್ಕಾಲದಲ್ಲಿ. ಮೂರು ವರ್ಷ ಬೀದಿಯ ಕಾವು ಉಳಿಯುವುದಿಲ್ಲ. ಬಾಡಿಗೆ ಏರಿ ಊರು ಬಿಟ್ಟವರು ಮತಕ್ಕೂ ಸಿಗುವುದಿಲ್ಲ. ಇದಕ್ಕೆ ಎದುರಾಗಿ ಲಿಬರ್ಟಿ ಬ್ಯಾಂಕ್ ಕಟ್ಟಡವಿದೆ. 1968ರಲ್ಲಿ ಕಪ್ಪು ವರ್ಣೀಯರು ಕಟ್ಟಿದ ಬ್ಯಾಂಕ್ ಇದ್ದ ಜಾಗದಲ್ಲಿ 2019ರಲ್ಲಿ ಕೈಗೆಟುಕುವ ಬಾಡಿಗೆಯ 115 ಮನೆಗಳು ತೆರೆದವು. ಅಲ್ಲಿ ಸಮುದಾಯದ ಸಂಸ್ಥೆಗಳು ಮೊದಲೇ ಸಂಘಟಿತವಾಗಿದ್ದವು, ಬಿಲ್ಡರ್ ಜೊತೆ ಲಿಖಿತ ಒಪ್ಪಂದ ಮಾಡಿಕೊಂಡಿದ್ದವು.

ಒಬ್ಬಂಟಿ ನಾಯಕರನ್ನು ಸಮಿತಿಗೆ ಕಳಿಸುವುದು ನನ್ನ ದೃಷ್ಟಿಯಲ್ಲಿ ಕ್ರೌರ್ಯ. ಇಡೀ ಜನಾಂಗದ ಪರವಾಗಿ ಮಾತಾಡು ಎಂದು ಆರು ತಿಂಗಳು ಹಿಂಡಿದರೆ ಯಾರಾದರೂ ರಾಜೀನಾಮೆ ಕೊಡುತ್ತಾರೆ. ಒಂದೇ ಸಮಿತಿಗೆ ಇಬ್ಬರನ್ನಾದರೂ ಕಳಿಸಿ. ಸಭೆಗೆ ಮುನ್ನ ಕಡತ ಓದಲು ಜೊತೆಗೊಬ್ಬರು, ಸಭೆಯ ನಂತರ ವರದಿ ಒಪ್ಪಿಸಲು ಊರಿನದೇ ಒಂದು ಗುಂಪು ಇರಲಿ. ಎಪ್ಪತ್ತರ ದಶಕದಲ್ಲಿ ಕಪ್ಪು ವರ್ಣೀಯರ ಲ್ಯಾರಿ ಗಾಸೆಟ್, ಮೂಲನಿವಾಸಿಗಳ ಬರ್ನಿ ವೈಟ್‌ಬೇರ್, ಏಷ್ಯನ್ನರ ಬಾಬ್ ಸಾಂಟೋಸ್, ಲ್ಯಾಟಿನೊ ಸಮುದಾಯದ ರೊಬೆರ್ಟೊ ಮಯೆಸ್ತಾಸ್ ನಾಲ್ವರೂ ಒಬ್ಬರ ಧರಣಿಗೆ ಇನ್ನೊಬ್ಬರು ಹೋಗುತ್ತಿದ್ದುದು ಬರೀ ಸ್ನೇಹಕ್ಕಲ್ಲ. ಯಾವ ಸಮುದಾಯವೂ ತಾನೊಂದೇ ನಗರಾಡಳಿತವನ್ನು ಅಲುಗಿಸುವಷ್ಟು ದೊಡ್ಡದಾಗಿರಲಿಲ್ಲ.

ಅಲ್ಲಿನ ಕನ್ನಡಿಗರಿಗೆ ಸಂಬಂಧಿಸಿದ ಎರಡು ವಿಷಯ. 2023ರ ಫೆಬ್ರುವರಿ 21ರಂದು ಜಾತಿ ಭೇದವನ್ನು ನಿಷೇಧಿಸಿದ ಅಮೆರಿಕದ ಮೊದಲ ನಗರ ಸಿಯಾಟಲ್. ಅಂದಿನ ಪರಿಷತ್ ಸದಸ್ಯೆ ಕ್ಷಮಾ ಸಾವಂತ್ ಮಂಡಿಸಿದ ಮಸೂದೆಗೆ ಆರು ಮತ, ವಿರುದ್ಧ ಒಂದು. ದೂರನ್ನು ನಗರದ ನಾಗರಿಕ ಹಕ್ಕುಗಳ ಕಚೇರಿ ಸ್ವೀಕರಿಸುತ್ತದೆ. ಆದರೆ ತಾನು ಕೆಲಸ ಮಾಡುವ ಕಡೆ ಜಾತಿ ತಿಳಿದುಬಿಟ್ಟೀತೆಂದು ಅಂಜುವ ದಲಿತ ಎಂಜಿನಿಯರ್ ಪರಿಷತ್ ಸದಸ್ಯರಿಗೆ ಹೆಸರು ಹಾಕಿ ಮೇಲ್ ಕಳಿಸುವ ಮೊದಲು, ಆ ಪತ್ರ ಸಾರ್ವಜನಿಕ ದಾಖಲೆ, ಯಾರು ಬೇಕಾದರೂ ಕೇಳಿ ಪಡೆಯಬಹುದು ಎಂಬುದನ್ನು ತಿಳಿದಿರಬೇಕು. ಹೆಸರಿಲ್ಲದ ಹೇಳಿಕೆಯನ್ನು ಸಂಘಟನೆಯ ಇನ್ನೊಬ್ಬರು ಓದುವ ದಾರಿ ಇದೆ.

ಇನ್ನೊಂದು ಚುನಾವಣಾ ವೋಚರ್. 2015ರಲ್ಲಿ ಮತದಾರರು ಒಪ್ಪಿ, 2017ರಿಂದ ಜಾರಿಗೆ ಬಂದ ಈ ಪದ್ಧತಿಯಲ್ಲಿ ಅರ್ಹ ನಿವಾಸಿಗೆ 25 ಡಾಲರಿನ ನಾಲ್ಕು ವೋಚರ್ ಸಿಗುತ್ತವೆ. ಅವನ್ನು ಪದ್ಧತಿಗೆ ಸೇರಿಕೊಂಡ ನಗರ ಅಭ್ಯರ್ಥಿಗಳಿಗೆ ಕೊಡಬಹುದು. ಮತ ಹಾಕಲಾಗದ ಗ್ರೀನ್ ಕಾರ್ಡ್‌ದಾರರಿಗೂ ಇದು ಉಂಟು, ಅರ್ಜಿ ಮಾತ್ರ ತಾವೇ ಹಾಕಬೇಕು. ಎಚ್–1ಬಿಯವರಿಗೆ ಇಲ್ಲ. ಅಕ್ಕಪಕ್ಕದ ನಗರಗಳಾದ ಬೆಲ್‌ವ್ಯೂ, ರೆಡ್ಮಂಡ್‌ಗಳಲ್ಲಿ ಮನೆ ಮಾಡಿರುವವರಿಗೂ ಇಲ್ಲ. ಅವರ ಕಚೇರಿ ಸಿಯಾಟಲ್ ಗಡಿಯೊಳಗಿದ್ದರೆ ಕೆಲವು ಆಯೋಗಗಳ ಖಾಲಿ ಸ್ಥಾನಕ್ಕೆ ಅರ್ಜಿ ಹಾಕಬಹುದು.